ಹೊತ್ತು ನೋಡಿ ಹೊರಡಿ: ಟ್ರಿನಿಡಾಡ್–ಟೊಬೇಗೊದಲ್ಲಿ ಎಂಟು ದಿನ ಕಳೆಯುವುದು ಹೇಗೆ?

ಟ್ರಿನಿಡಾಡ್‌ನಲ್ಲಿ ತಡವಾಗಿ ಎದ್ದರೆ ಒಳ್ಳೆಯ ಗಾಡಿಗಳಲ್ಲಿ ಡಬಲ್ಸ್ ಎಂಬ ಬೆಳಗಿನ ತಿಂಡಿ ಖಾಲಿಯಾಗಿರುತ್ತದೆ. ಮಧ್ಯಾಹ್ನ ಕರೋನಿ ಜೌಗಿಗೆ ಹೋದರೆ ಸ್ಕಾರ್ಲೆಟ್ ಐಬಿಸ್ ಎಂಬ ಕೆಂಪು ಹಕ್ಕಿಗಳು ಇನ್ನೂ ಗೂಡಿನ ಕಡೆ ಹೊರಟಿರುವುದಿಲ್ಲ. ಟೊಬೇಗೊದಲ್ಲಿ ಹುಣ್ಣಿಮೆ ರಾತ್ರಿ ದೋಣಿ ಹತ್ತಿದರೆ ಮಿನುಗುವ ನೀರು ಸರಿಯಾಗಿ ಕಾಣುವುದಿಲ್ಲ. ಕೆರಿಬಿಯನ್ ಕಡಲಿನ ಈ ಜೋಡಿ ದ್ವೀಪಗಳಲ್ಲಿ ಏನೇನು ನೋಡಬೇಕು ಅನ್ನುವ ಪಟ್ಟಿ ಎಲ್ಲ ಕಡೆ ಸಿಗುತ್ತದೆ. ಯಾವುದನ್ನು ಯಾವ ಹೊತ್ತಿಗೆ ನೋಡಬೇಕು ಅನ್ನುವುದನ್ನು ಯಾರೂ ಹೇಳುವುದಿಲ್ಲ. ಐದು ದಿನದಲ್ಲಿ ನಾಲ್ಕು ದ್ವೀಪ ಸುತ್ತಿಸುವ ಪ್ಯಾಕೇಜು ತೆಗೆದುಕೊಂಡರೆ ಈ ಹೊತ್ತುಗಳೆಲ್ಲ ಕೈ ತಪ್ಪುತ್ತವೆ. ಅದಕ್ಕೇ ನನ್ನ ಸಲಹೆ: ಒಂದೇ ದೇಶ, ಎಂಟು ದಿನ.

ಮೊದಲು ತಿಂಗಳು ಗೊತ್ತು ಮಾಡಿ

ಜನವರಿಯಿಂದ ಮೇವರೆಗೆ ಅಲ್ಲಿ ಒಣ ಹವೆ, ಜೂನ್‌ನಿಂದ ಮಳೆ. ಕಡಲಾಮೆಗಳು ಮೊಟ್ಟೆ ಇಡಲು ದಡಕ್ಕೆ ಬರುವುದು ಮಾರ್ಚ್‌ನಿಂದ ಆಗಸ್ಟ್‌ವರೆಗೆ. ಎರಡೂ ಕೂಡಿ ಬರುವುದು ಏಪ್ರಿಲ್, ಮೇ ತಿಂಗಳಲ್ಲಿ. ನಮ್ಮ ಮಕ್ಕಳಿಗೂ ಆಗಲೇ ಬೇಸಿಗೆ ರಜೆ, ಅಲ್ವಾ? ಚಂಡಮಾರುತದ ಭಯ ಇದ್ದವರಿಗೆ ಒಂದು ಮಾತು. ಟ್ರಿನಿಡಾಡ್ ಕೆರಿಬಿಯನ್‌ನ ತೀರಾ ದಕ್ಷಿಣದಲ್ಲಿದೆ. ವೆನೆಜುವೆಲಾ ಕರಾವಳಿ ಬರೀ 11 ಕಿ.ಮೀ. ದೂರ. ಹೆಚ್ಚಿನ ಚಂಡಮಾರುತಗಳು ಉತ್ತರದ ಕಡೆಯಿಂದ ಹಾದು ಹೋಗುತ್ತವೆ. ಹಾಗಂತ ಬರುವುದೇ ಇಲ್ಲ ಅಂತಲ್ಲ, 1963ರಲ್ಲಿ ಫ್ಲೋರಾ ಟೊಬೇಗೊವನ್ನು ಹಾಳುಗೆಡವಿತ್ತು.

ದಿನಾಂಕ ಆರಿಸುವಾಗ ಕ್ಯಾಲೆಂಡರಿನಲ್ಲಿ ಅಮಾವಾಸ್ಯೆಯನ್ನೂ ನೋಡಿ. ಅದರ ಹಿಂದು ಮುಂದಿನ ನಾಲ್ಕು ದಿನ ಟೊಬೇಗೊದಲ್ಲಿರುವಂತೆ ಟಿಕೆಟ್ ಮಾಡಿಸಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಹಳದಿ ಜ್ವರದ ಚುಚ್ಚುಮದ್ದು ಮರೆಯಬೇಡಿ

ಇದು ಎಲ್ಲಕ್ಕಿಂತ ಮುಖ್ಯ. ಹಳದಿ ಜ್ವರದ (ಯೆಲ್ಲೋ ಫೀವರ್) ಅಪಾಯ ಇರುವ ಜಾಗಗಳ ನಮ್ಮ ಸರ್ಕಾರದ ಪಟ್ಟಿಯಲ್ಲಿ ಟ್ರಿನಿಡಾಡ್ ಇದೆ. ಚುಚ್ಚುಮದ್ದಿನ ಕಾರ್ಡ್ ಇಲ್ಲದೆ ವಾಪಸ್ ಬಂದರೆ ವಿಮಾನ ನಿಲ್ದಾಣದಲ್ಲೇ ತಡೆದು ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಸರ್ಕಾರ ಒಪ್ಪಿದ ಕೇಂದ್ರಗಳಲ್ಲಿ ಮಾತ್ರ ಈ ಚುಚ್ಚುಮದ್ದು ಹಾಕಿಸಬೇಕು. ಪ್ರಯಾಣಕ್ಕೆ ಕನಿಷ್ಠ ಹತ್ತು ದಿನ ಮುಂಚೆ ಹಾಕಿಸಿದರೆ ಮಾತ್ರ ಲೆಕ್ಕ. ಒಮ್ಮೆ ಹಾಕಿಸಿದರೆ ಜೀವನ ಪೂರ್ತಿ ಸಾಕು.

ಭಾರತದಿಂದ ನೇರ ವಿಮಾನ ಇಲ್ಲ. ಲಂಡನ್, ಆಮ್‌ಸ್ಟರ್‌ಡ್ಯಾಮ್, ಟೊರಾಂಟೊ, ನ್ಯೂಯಾರ್ಕ್ ಇವುಗಳಲ್ಲಿ ಒಂದರ ಮೂಲಕ ಹೋಗಬೇಕು. ಅಮೆರಿಕದಲ್ಲಿ ಬರೀ ವಿಮಾನ ಬದಲಿಸುವುದಕ್ಕೂ ವೀಸಾ ಬೇಕು. ಉಳಿದ ಕಡೆಯ ನಿಯಮವನ್ನೂ ಟಿಕೆಟ್ ಕೊಳ್ಳುವ ಮುಂಚೆ ನೋಡಿಕೊಳ್ಳಿ. ಟ್ರಿನಿಡಾಡ್ ಪ್ರವೇಶದ ಈಗಿನ ನಿಯಮವನ್ನು ದೆಹಲಿಯಲ್ಲಿರುವ ಅವರ ಹೈಕಮಿಷನ್‌ನಲ್ಲಿ ಕೇಳಿ.

ಪೆಟ್ಟಿಗೆ ತುಂಬುವಾಗ ಸೈನಿಕರ ಹಸಿರು ಮಚ್ಚೆಯ ಬಟ್ಟೆ ಇದ್ದರೆ ತೆಗೆದಿಡಿ. ಅಲ್ಲಿ ಅದನ್ನು ತೊಡುವುದು ಅಪರಾಧ, ಮಕ್ಕಳ ಚಡ್ಡಿಯಲ್ಲೂ ಬೇಡ. ವಿದ್ಯುತ್ 115 ವೋಲ್ಟ್, ಚಪ್ಪಟೆ ಕಡ್ಡಿಯ ಪ್ಲಗ್. ವಾಹನಗಳು ನಮ್ಮ ಹಾಗೇ ಎಡಗಡೆ ಓಡುತ್ತವೆ. ಕಾರು ಬಾಡಿಗೆಗೆ ತೆಗೆದುಕೊಳ್ಳುವವರು ಅಂತರರಾಷ್ಟ್ರೀಯ ಡ್ರೈವಿಂಗ್ ಪರವಾನಗಿ ಮಾಡಿಸಿಕೊಂಡು ಹೋಗಿ.

ಇಳಿದ ಕೂಡಲೇ ಟೊಬೇಗೊಗೆ

ಟ್ರಿನಿಡಾಡ್‌ನ ಪಿಯಾರ್ಕೊ ವಿಮಾನ ನಿಲ್ದಾಣದಿಂದ ಟೊಬೇಗೊಗೆ ವಿಮಾನದಲ್ಲಿ ಅರ್ಧ ಗಂಟೆಯೂ ಬೇಡ. ಹಡಗಿನಲ್ಲಾದರೆ ಮೂರು ಗಂಟೆಗೂ ಜಾಸ್ತಿ, ಕಡಲು ಒರಟಾಗಿದ್ದರೆ ಹೊಟ್ಟೆ ತೊಳಸುತ್ತದೆ. ಮೊದಲು ಟೊಬೇಗೊಗೇ ಹೋಗಿ ಅನ್ನುವುದಕ್ಕೆ ಕಾರಣವಿದೆ. ಅಲ್ಲಿನ ಗಡಿಯಾರ ನಮಗಿಂತ ಒಂಬತ್ತೂವರೆ ಗಂಟೆ ಹಿಂದೆ. ಮೊದಲ ಎರಡು ಮೂರು ದಿನ ನಸುಕಿನ ಮೂರು, ನಾಲ್ಕಕ್ಕೇ ಎಚ್ಚರ ಆಗಿಬಿಡುತ್ತದೆ. ಇದನ್ನು ಕಷ್ಟ ಅಂದುಕೊಳ್ಳಬೇಡಿ. ಟೊಬೇಗೊದ ಕಾಡು ನೋಡಲು ಅದೇ ಒಳ್ಳೆಯ ಹೊತ್ತು.

ದ್ವೀಪದ ಬೆನ್ನೆಲುಬಿನಂತೆ ಇರುವ ಈ ಕಾಡಿನ ಹೆಸರು ಮೇನ್ ರಿಜ್. 1776ರ ಏಪ್ರಿಲ್‌ನಲ್ಲೇ ಇದನ್ನು ಕಾನೂನಿನಿಂದ ಕಾಪಾಡಿದರು. ಮರ ಉಳಿದರೆ ಮಳೆ ಬರುತ್ತದೆ ಅನ್ನುವುದೇ ಆಗ ಕೊಟ್ಟ ಕಾರಣ. ಸುತ್ತ ಕಬ್ಬಿನ ತೋಟಕ್ಕಾಗಿ ನೆಲ ಸವರುತ್ತಿದ್ದ ಕಾಲದಲ್ಲಿ ಇಂಥ ಮಾತು ಹೇಳಿ, ಅದನ್ನು ಕಾನೂನು ಮಾಡಿಸಿದ್ದು ಸಣ್ಣ ವಿಷಯವಲ್ಲ. ಗಿಲ್ಪಿನ್ ಟ್ರೇಸ್ ಅನ್ನುವ ಕಾಲುದಾರಿಯ ಬಾಯಲ್ಲಿ ಸ್ಥಳೀಯ ಗೈಡ್‌ಗಳು ಸಿಗುತ್ತಾರೆ, ರಬ್ಬರ್ ಬೂಟೂ ಬಾಡಿಗೆಗೆ ಕೊಡುತ್ತಾರೆ. ಬೂಟು ತೆಗೆದುಕೊಳ್ಳಿ, ಕೆಸರು ಜಾರುತ್ತದೆ. ಏಳು ಗಂಟೆಗೆಲ್ಲ ಅಲ್ಲಿದ್ದರೆ ಹಮ್ಮಿಂಗ್‌ಬರ್ಡ್ ಎಂಬ ಪುಟ್ಟ ಝೇಂಕಾರದ ಹಕ್ಕಿಗಳು ಕಿವಿ ಪಕ್ಕದಲ್ಲೇ ಹಾದು ಹೋಗುವುದು ಕೇಳಿಸುತ್ತದೆ.

ನೀರು ಇಳಿದ ಹೊತ್ತಿಗೆ ನೈಲಾನ್ ಪೂಲ್

ಪಿಜನ್ ಪಾಯಿಂಟ್, ಸ್ಟೋರ್ ಬೇ ಕಡಲತೀರಗಳಿಂದ ಗಾಜಿನ ತಳದ ದೋಣಿಗಳು ಹೊರಡುತ್ತವೆ. ಮೊದಲು ಬಕೂ ರೀಫ್ ಎಂಬ ಹವಳದ ದಿಬ್ಬ, ಆಮೇಲೆ ನೈಲಾನ್ ಪೂಲ್. ನಡು ಕಡಲಲ್ಲಿ ದೋಣಿ ನಿಲ್ಲಿಸಿ "ಇಳಿಯಿರಿ" ಅನ್ನುತ್ತಾರೆ. ಇಳಿದರೆ ನೀರು ಸೊಂಟದವರೆಗೆ ಮಾತ್ರ! ಕಾಲ ಕೆಳಗೆ ಹವಳ ಸವೆದು ಆದ ಬಿಳಿ ಮರಳು, ಕಾಲ್ಬೆರಳು ಎಣಿಸುವಷ್ಟು ತಿಳಿ ನೀರು. ಹಿಂದೊಮ್ಮೆ ಇಲ್ಲಿಗೆ ಬಂದ ಬ್ರಿಟನ್ನಿನ ರಾಜಕುಮಾರಿ ಮಾರ್ಗರೆಟ್, ನೀರು ತನ್ನ ನೈಲಾನ್ ಕಾಲುಚೀಲದಷ್ಟು ತಿಳಿಯಾಗಿ ಕಾಣುತ್ತದೆ ಎಂದಳಂತೆ. ಆ ಹೆಸರೇ ನಿಂತಿತು ಎಂದು ದೋಣಿಯವರು ಹೇಳುತ್ತಾರೆ.

ಭರತದ ಹೊತ್ತಿಗೆ ಹೋದರೆ ಈ ಸುಖ ಅರ್ಧವಾಗುತ್ತದೆ. ಹಿಂದಿನ ದಿನವೇ ದೋಣಿಯವರಲ್ಲಿ ಇಳಿತ ಎಷ್ಟು ಗಂಟೆಗೆ ಎಂದು ಕೇಳಿ, ಆ ಹೊತ್ತಿನ ದೋಣಿ ಹಿಡಿಯಿರಿ. ಹವಳದ ಮೇಲೆ ದಯವಿಟ್ಟು ಕಾಲಿಡಬೇಡಿ. ಅದು ಕಲ್ಲಲ್ಲ, ಜೀವ. ಬೆಳೆಯಲು ವರ್ಷಗಳು ಬೇಕು, ಮುರಿಯಲು ಒಂದು ಹೆಜ್ಜೆ ಸಾಕು.

ಒಂದು ದಿನ ಕಾಸ್ಟಾರಾ ಎಂಬ ಮೀನುಗಾರರ ಹಳ್ಳಿಗೆ ಮೀಸಲಿಡಿ. ಅಲ್ಲಿ ದಡದಿಂದಲೇ ಎಳೆಯುವ ದೊಡ್ಡ ಬಲೆ ಇದೆ. ಮಲ್ಪೆ, ಕಾರವಾರದ ಕಡೆಯವರಿಗೆ ರಂಪಣಿ ಅಂದರೆ ಥಟ್ಟನೆ ಹೊಳೆಯುತ್ತದೆ. ಬಲೆ ಎಳೆಯುವಾಗ ಸುಮ್ನೆ ನಿಂತು ಫೋಟೊ ತೆಗೆಯುವ ಬದಲು ಕೇಳಿ ಹಗ್ಗಕ್ಕೆ ಕೈ ಹಚ್ಚಿ. ಯಾರೂ ಬೇಡ ಅನ್ನುವುದಿಲ್ಲ.

ದಡದಲ್ಲಿ ಒಂದು ಎಚ್ಚರ. ಮ್ಯಾಂಚನೀಲ್ ಎಂಬ ಮರ ಈ ಕಡಲತೀರಗಳಲ್ಲಿ ಬೆಳೆಯುತ್ತದೆ. ಹಸಿರು ಸೇಬಿನಂಥ ಪುಟ್ಟ ಹಣ್ಣು, ತಿಂದರೆ ಗಂಟಲು ಸುಟ್ಟು ಹೋಗುತ್ತದೆ. ಎಲೆಯ ಹಾಲು ತಾಗಿದರೂ ಬೊಬ್ಬೆ ಏಳುತ್ತದೆ. ಮಳೆ ಬಂದಾಗ ಅದರ ಅಡಿ ನಿಲ್ಲಬೇಡಿ. ಗೊತ್ತಿಲ್ಲದ ಹಣ್ಣು ಮಕ್ಕಳ ಕೈಗೆ ಸಿಗದಂತೆ ನೋಡಿಕೊಳ್ಳಿ.

ಇನ್ನು ಅಮಾವಾಸ್ಯೆಯ ವಿಷಯ. ಬಾನ್ ಅಕಾರ್ಡ್ ಎಂಬ ಹಿನ್ನೀರಿನಲ್ಲಿ ರಾತ್ರಿ ಸಣ್ಣ ದೋಣಿಯಲ್ಲಿ ಕರೆದೊಯ್ಯುತ್ತಾರೆ. ನೀರಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳಿವೆ. ನೀರು ಕದಡಿದರೆ ಅವು ನೀಲಿಯಾಗಿ ಬೆಳಗುತ್ತವೆ. ಹುಟ್ಟು ಹಾಕಿದಲ್ಲೆಲ್ಲ ಬೆಳಕು, ಕೈ ಅದ್ದಿ ತೆಗೆದರೆ ಬೆರಳ ತುದಿಯಿಂದ ಬೆಳಕಿನ ಹನಿ. ಬೆಳದಿಂಗಳಿದ್ದರೆ ಇದು ಮಂಕಾಗುತ್ತದೆ. ಅದಕ್ಕೇ ಕ್ಯಾಲೆಂಡರ್ ನೋಡಿ ಅಂದಿದ್ದು.

ಟ್ರಿನಿಡಾಡ್: ಬೆಳಗಿನ ತಿಂಡಿಯಿಂದ ಶುರು

ಐದನೇ ದಿನ ಟ್ರಿನಿಡಾಡ್‌ಗೆ ವಾಪಸ್ ಬನ್ನಿ. ಮರುದಿನ ಬೆಳಿಗ್ಗೆ ಏಳಕ್ಕೆ ಬೀದಿಗಿಳಿಯಿರಿ. ಜನ ಮುತ್ತಿಕೊಂಡ ಗಾಡಿ ಕಂಡರೆ ಅದು ಡಬಲ್ಸ್ ಗಾಡಿ. ಮಾರುವವರ ಕೈ ನೋಡುತ್ತಾ ನಿಂತರೆ ಹೊತ್ತು ಹೋಗುವುದೇ ತಿಳಿಯುವುದಿಲ್ಲ. ಎಡಗೈಯಲ್ಲಿ ಕಾಗದ, ಅದರ ಮೇಲೆ ಅರಿಸಿನ ಹಾಕಿ ಕರಿದ ಮೆತ್ತನೆಯ ಎರಡು ಬಾರಾ, ಒಂದು ಚಮಚ ಕಡಲೆಕಾಳಿನ ಪಲ್ಯ, ಸೌತೆಕಾಯಿ, ಹುಣಸೆ ಚಟ್ನಿ, ಕೊನೆಗೆ ಮೆಣಸಿನ ಸಾಸ್. ಕಾಗದದ ತುದಿ ತಿರುಚಿ ಕೈಗಿಡುತ್ತಾರೆ. ಖಾರ ಎಷ್ಟು ಎಂದು ಕೇಳಿದರೆ ಮೊದಲ ದಿನ "ಸ್ಲೈಟ್" ಅನ್ನಿ. ಅಲ್ಲಿನ ಮೆಣಸು ನಮ್ಮ ಬ್ಯಾಡಗಿಯ ಹಾಗೆ ಬಣ್ಣದ್ದಲ್ಲ, ನಿಜವಾದ ಬೆಂಕಿ.

ಈ ತಿಂಡಿಗೆ ಒಂದು ಚರಿತ್ರೆ ಇದೆ. 1845ರ ಮೇ 30ರಂದು ಫತೆಲ್ ರಝಾಕ್ ಎಂಬ ಹಡಗು ಇನ್ನೂರಕ್ಕೂ ಹೆಚ್ಚು ಭಾರತೀಯ ಕೂಲಿಗಳನ್ನು ಇಲ್ಲಿ ಇಳಿಸಿತು. 1917ರವರೆಗೆ ಹೀಗೆ ಬಂದವರು 1,40,000ಕ್ಕೂ ಹೆಚ್ಚು ಜನ. ಬಹುಪಾಲು ಭೋಜಪುರಿ ಸೀಮೆಯವರು, ಒಂದಷ್ಟು ಜನ ಮದ್ರಾಸ್ ಬಂದರಿನಿಂದ ಹಡಗು ಹತ್ತಿದವರು. ಅವರ ಮೊಮ್ಮಕ್ಕಳು ಇವತ್ತಿಗೂ ಅಜ್ಜಿಯನ್ನು ಆಜಿ ಅನ್ನುತ್ತಾರೆ. ದಾಲ್‌ಪುರಿ ತಿಂದು ನೋಡಿ. ಕಣಕದ ಒಳಗೆ ಹೂರಣ ತುಂಬಿ ಲಟ್ಟಿಸುವ ನಮ್ಮ ಹೋಳಿಗೆಯದೇ ಕೈಕೆಲಸ, ಹೂರಣ ಮಾತ್ರ ಸಿಹಿಯಲ್ಲ, ಜೀರಿಗೆ ಹಾಕಿದ ಬೇಳೆ. ಬೈಗನ್ ಚೋಕಾ ಅಂದರೆ ಕೆಂಡದಲ್ಲಿ ಸುಟ್ಟ ಬದನೆಕಾಯಿಯ ಗೊಜ್ಜು. ಸಸ್ಯಾಹಾರಿಗಳು ಹಸಿದಿರಬೇಕಾಗಿಲ್ಲ. ಆದರೆ ಕಲಾಲೂ ಎಂಬ ಸೊಪ್ಪಿನ ಸಾರು ಕಂಡರೆ ಕೇಳಿಯೇ ತಿನ್ನಿ, ಅದಕ್ಕೆ ಏಡಿ ಅಥವಾ ಉಪ್ಪು ಹಾಕಿದ ಮಾಂಸ ಸೇರಿಸುವುದು ವಾಡಿಕೆ.

ತಿಂಡಿ ಆದ ಮೇಲೆ ಬಿಸಿಲೇರುವ ಮುಂಚೆ ವಾಟರ್ಲೂ ಕಡಲತೀರದ ದೇವಸ್ಥಾನಕ್ಕೆ ಹೋಗಿ. ಶಿವದಾಸ್ ಸಾಧು ಎಂಬ ಕೂಲಿ ಮೊದಲು ಕಟ್ಟಿದ ಗುಡಿ ಸಕ್ಕರೆ ಕಂಪನಿಯ ನೆಲದಲ್ಲಿತ್ತು. ಗುಡಿ ಕೆಡವಿದರು, ಅವರನ್ನು ಜೈಲಿಗೂ ಹಾಕಿದರು. ನೆಲ ನಿಮ್ಮದಾದರೆ ಕಡಲು ಯಾರದೂ ಅಲ್ಲವಲ್ಲ ಎಂದು ಆ ಮನುಷ್ಯ ಸೈಕಲ್ಲಿನಲ್ಲಿ ಕಲ್ಲು ಹೊತ್ತು, ವರ್ಷಗಟ್ಟಲೆ ನೀರಿಗೆ ಸುರಿದು, ಅದರ ಮೇಲೆ ಗುಡಿ ಕಟ್ಟಿದರು. ಭಾರತೀಯರು ಬಂದು 150 ವರ್ಷ ತುಂಬುವ ಹೊತ್ತಿಗೆ ಅದನ್ನು ಹೊಸದಾಗಿ ಕಟ್ಟಲಾಯಿತು. ದಂಡೆಯಿಂದ ಗುಡಿಗೆ ಹೋಗುವ ದಾರಿಯಲ್ಲಿ ನಿಧಾನವಾಗಿ ನಡೆಯಿರಿ.

ಹತ್ತಿರದ ಕರಪಿಚೈಮಾದಲ್ಲಿ 85 ಅಡಿ ಎತ್ತರದ ಹನುಮಂತ ನಿಂತಿದ್ದಾನೆ. ಪಕ್ಕದ ದತ್ತಾತ್ರೇಯ ದೇವಸ್ಥಾನ ನಮ್ಮ ಮೈಸೂರಿನ ಅವಧೂತ ದತ್ತ ಪೀಠದ್ದು. ಅಷ್ಟು ದೂರದಲ್ಲಿ ದಕ್ಷಿಣದ ಗೋಪುರ ಕಂಡಾಗ ಮನಸ್ಸು ತುಂಬಿ ಬರುತ್ತದೆ. ಕ್ರಿಕೆಟ್ ಪ್ರೀತಿಸುವವರು ರಾಜಧಾನಿ ಪೋರ್ಟ್ ಆಫ್ ಸ್ಪೇನ್‌ನ ಕ್ವೀನ್ಸ್ ಪಾರ್ಕ್ ಓವಲ್ ನೋಡದೆ ಬರಬೇಡಿ. 1976ರಲ್ಲಿ ಭಾರತ 403 ರನ್ ಬೆನ್ನಟ್ಟಿ ಗೆದ್ದದ್ದು ಅಲ್ಲೇ. ಭದ್ರಾವತಿಯ ಜಿ.ಆರ್. ವಿಶ್ವನಾಥ್ ಅವತ್ತು 112 ಹೊಡೆದಿದ್ದರು.

ಸಂಜೆ ನಾಲ್ಕಕ್ಕೆ ಕರೋನಿ

ಕರೋನಿ ಜೌಗಿನ ದೋಣಿಗಳು ಸಂಜೆ ನಾಲ್ಕರ ಸುಮಾರಿಗೆ ಹೊರಡುತ್ತವೆ. ಎರಡೂ ಕಡೆ ಉಪ್ಪು ನೀರಿನಲ್ಲಿ ಬೆಳೆಯುವ ಕಾಂಡ್ಲಾ ಕಾಡು. ಕೊಂಬೆಗೆ ಸುತ್ತಿ ಮಲಗಿದ ಹಾವುಗಳನ್ನು ದೋಣಿಯವರೇ ತೋರಿಸುತ್ತಾರೆ. ಆಮೇಲೆ ಬಯಲು ನೀರಿನಲ್ಲಿ ಎಂಜಿನ್ ಆರಿಸಿ ಕಾಯುತ್ತಾರೆ. ಎದುರಿಗೆ ಒಂದು ಹಸಿರು ನಡುಗಡ್ಡೆ. ಮೊದಲು ಒಂದು ಕೆಂಪು ಚುಕ್ಕೆ ಬಂದು ಕೂರುತ್ತದೆ. ಆಮೇಲೆ ಐದು, ಹತ್ತು, ಐವತ್ತು. ರಂಗನತಿಟ್ಟಿನಲ್ಲಿ ಬಿಳಿ ಕೆಂಬರಲು ನೋಡಿದ್ದೀರಲ್ಲ, ಅದೇ ಬಾಗಿದ ಕೊಕ್ಕು, ಮೈ ಮಾತ್ರ ಅಚ್ಚ ಕೆಂಪು. ಮರಿಯಿದ್ದಾಗ ಬೂದು ಕಂದು. ತಿನ್ನುವ ಏಡಿ, ಸೀಗಡಿಗಳಿಂದ ಆ ಕೆಂಪು ಬರುತ್ತದೆ. ಕತ್ತಲಾಗುವ ಹೊತ್ತಿಗೆ ಮರವೆಲ್ಲ ಹೂಬಿಟ್ಟ ಮುತ್ತುಗದಂತೆ ಕಾಣುತ್ತದೆ. ಸೊಳ್ಳೆ ಕಚ್ಚದ ಮುಲಾಮು ಮಾತ್ರ ಬೇಕೇ ಬೇಕು.

ಒಂದು ರಾತ್ರಿ ಆಮೆಗೆ

ಈಶಾನ್ಯ ತುದಿಯ ಗ್ರ್ಯಾಂಡ್ ರಿವಿಯೇರ್ ಹಳ್ಳಿಯಲ್ಲಿ ಒಂದು ರಾತ್ರಿ ಉಳಿಯಿರಿ. ದಾರಿ ತಿರುವು ಮುರುವು, ಹಗಲಲ್ಲೇ ತಲುಪಿ. ದಡಕ್ಕೆ ಹೋಗಲು ಅನುಮತಿ ಚೀಟಿ, ಗೈಡ್ ಎರಡೂ ಬೇಕು. ಮೊಬೈಲ್ ಬೆಳಕು ಬೇಡ. ಆಮೆ ಗುಂಡಿ ತೋಡುವಾಗ ದೂರ ನಿಲ್ಲಿಸುತ್ತಾರೆ. ಮೊಟ್ಟೆ ಇಡಲು ಶುರು ಮಾಡಿದ ಮೇಲೆ ಕೆಂಪು ದೀಪದಲ್ಲಿ ಹತ್ತಿರ ಕರೆಯುತ್ತಾರೆ. ಲೆದರ್‌ಬ್ಯಾಕ್ ಆಮೆ ಮುನ್ನೂರು, ನಾನೂರು ಕಿಲೋ ತೂಗುತ್ತದೆ. ಅಷ್ಟು ದೊಡ್ಡ ಜೀವ ಹಿಂಗಾಲನ್ನು ಬೊಗಸೆಯಂತೆ ಮಡಿಸಿ, ಒಂದೊಂದೇ ಹಿಡಿ ಮರಳು ಎತ್ತಿ ಪಕ್ಕಕ್ಕೆ ಇಡುವುದನ್ನು ನೋಡಿದ ಮೇಲೆ ಗುಂಪಿನಲ್ಲಿ ಯಾರೂ ಮಾತಾಡುವುದಿಲ್ಲ.

ಜನರ ಜೊತೆ

ಅಂಗಡಿಗೆ ಹೋದರೂ, ಟ್ಯಾಕ್ಸಿ ಹತ್ತಿದರೂ ಮೊದಲು ನಮಸ್ಕಾರ ಹೇಳಿ, ಆಮೇಲೆ ಕೆಲಸ ಕೇಳಿ. ಕತ್ತಲಾದ ಮೇಲೆ ಯಾರಾದರೂ "ಗುಡ್ ನೈಟ್" ಅಂದರೆ ಹೊರಡುತ್ತಿದ್ದಾರೆ ಅಂದುಕೊಳ್ಳಬೇಡಿ, ಅಲ್ಲಿ ಅದು ಬಂದಾಗ ಹೇಳುವ ಮಾತು. ಗೆಳೆಯರ ಜೊತೆ ಏನೂ ಕೆಲಸವಿಲ್ಲದೆ ಕೂತು ಹರಟುವುದಕ್ಕೆ "ಲೈಮ್" ಅನ್ನುತ್ತಾರೆ. ಕರೆದರೆ ಹೋಗಿ ಕೂರಿ. ಆದರೆ ಪೋರ್ಟ್ ಆಫ್ ಸ್ಪೇನ್‌ನಲ್ಲಿ ರಾತ್ರಿ ಒಂಟಿಯಾಗಿ ನಡೆಯಬೇಡಿ, ಅಪರಾಧದ ತೊಂದರೆ ನಿಜವಾಗಿಯೂ ಇದೆ. ಉಳಿದುಕೊಂಡ ಮನೆಯವರು ಹೇಳಿದ ಚಾಲಕರನ್ನೇ ಕರೆಯಿರಿ. ಹೊರಡುವ ವಾರದಲ್ಲಿ ನಮ್ಮ ವಿದೇಶಾಂಗ ಸಚಿವಾಲಯದ ಸೂಚನೆ ಏನಾದರೂ ಇದೆಯೇ ಎಂದೂ ನೋಡಿ.

ಕೊನೆಯ ದಿನ ಮೆಣಸಿನ ಸಾಸ್ ಬಾಟಲಿಯನ್ನು ದೊಡ್ಡ ಪೆಟ್ಟಿಗೆಗೆ ಹಾಕಿ, ಕೈಚೀಲದಲ್ಲಿದ್ದರೆ ತೆಗೆಸುತ್ತಾರೆ. ಹಳದಿ ಜ್ವರದ ಕಾರ್ಡ್ ಮಾತ್ರ ಕೈಚೀಲದಲ್ಲೇ, ಪಾಸ್‌ಪೋರ್ಟ್ ಜೊತೆ ಇರಲಿ. ನಿಲ್ದಾಣಕ್ಕೆ ಹೊರಡಬೇಕಾದ ಹೊತ್ತಿಗಿಂತ ಒಂದು ಗಂಟೆ ಮುಂಚೆಯೇ ಹೊರಡಿ. ಪಿಯಾರ್ಕೊ ನಿಲ್ದಾಣದ ಹತ್ತಿರವೂ ಡಬಲ್ಸ್ ಸಿಗುತ್ತದೆ. ಎಂಟು ದಿನ ಕಳೆದ ಮೇಲೆ "ಸ್ಲೈಟ್" ಅನ್ನಬೇಕಾಗಿಲ್ಲ.