ತಗ್ಗಿಸಿದ ಕಾರಿನ ಶಾಕ್ ಅಬ್ಸಾರ್ಬರ್: ಮೂರನೆಯ ಸೆಟ್ಟಿನಲ್ಲಿ ಸರಿಹೋದದ್ದು

ಮೊದಲ ತಲೆಮಾರಿನ ಮಜ್ದಾ ಎಂಎಕ್ಸ್-5 ಕಾರಿಗೆ ಗಿಡ್ಡ ಸ್ಪ್ರಿಂಗ್ ಹಾಕಿಸಿ ಸುಮಾರು 40 ಮಿಲಿಮೀಟರ್ ತಗ್ಗಿಸಿಕೊಂಡವರಿಗೆ ಆಮೇಲಿನ ಪಾಡು ಗೊತ್ತೇ ಇರುತ್ತದೆ. ಕಾರು ನೋಡಲು ಚೆಂದ, ಕುಳಿತವರ ಬೆನ್ನಿಗೆ ಶಿಕ್ಷೆ. ಅದನ್ನು ತಪ್ಪಿಸಿಕೊಳ್ಳಲು ನಾನು ಮೂರು ಸೆಟ್ ಶಾಕ್ ಅಬ್ಸಾರ್ಬರ್ ಕೊಂಡಿದ್ದೇನೆ. ಮೂರನೆಯದನ್ನು ಗಡಸುತನ ನೋಡಿ ಅಲ್ಲ, ಅಳತೆ ನೋಡಿ ಆರಿಸುತ್ತೇನೆ ಎಂದಾಗ ಗ್ಯಾರೇಜಿನ ಮೆಕ್ಯಾನಿಕ್ ನಕ್ಕರು. ಗೆಳೆಯರಂತೂ ಕಾಯಿಲೋವರ್ (ಎತ್ತರ ಹೊಂದಿಸಬಹುದಾದ ಸ್ಪ್ರಿಂಗ್-ಶಾಕ್ ಜೋಡಿ) ಹಾಕಿಸಿಕೋ, ಸುಮ್ಮನೆ ಹಣ ಕಳೆಯಬೇಡ ಎಂದು ತಿಂಗಳುಗಟ್ಟಲೆ ತಲೆ ತಿಂದರು. ಈಗ ಅವರಲ್ಲಿ ಇಬ್ಬರು ತಮ್ಮ ಕಾರಿನ ಅಳತೆ ತೆಗೆದುಕೊಡಲು ನನ್ನನ್ನೇ ಕರೆಯುತ್ತಾರೆ ಎಂಬುದನ್ನು ಇಲ್ಲಿ ದಾಖಲಿಸದೆ ಇರಲಾರೆ.

ಮೊದಲ ಸಲ ಕಾರ್ಖಾನೆಯ ಮಾದರಿಯದೇ ಅಗ್ಗದ ಎಣ್ಣೆ ಶಾಕ್‌ಗಳನ್ನು ಕೊಂಡೆ. ಒಂಬತ್ತು ಸಾವಿರ ಕಿಲೋಮೀಟರ್ ಓಡಿರಬಹುದು, ಮುಂದಿನ ಎಡಗಡೆಯದು ಎಣ್ಣೆ ಕಾರಿ ಒದ್ದೆಯಾಗಿತ್ತು. ಮಾಲು ಕಳಪೆ ಎಂದು ಬೈದುಕೊಂಡು, ಎರಡನೆಯ ಸಲ ಎರಡೂವರೆ ಪಟ್ಟು ಹಣ ಕೊಟ್ಟು ಗ್ಯಾಸ್ ತುಂಬಿದ ಮಾನೋಟ್ಯೂಬ್, ಅಂದರೆ ಒಂದೇ ಕೊಳವೆಯ ಶಾಕ್‌ಗಳನ್ನು ತಂದೆ. ಅವು ಗಟ್ಟಿಮುಟ್ಟಾಗಿದ್ದವು, ಆದರೆ ಮೂಲ ಎತ್ತರದ ಕಾರಿಗೆಂದೇ ತಯಾರಾದವು. ಗ್ಯಾಸಿನ ಒತ್ತಡಕ್ಕೆ ಕಾರು ನಾಲ್ಕೈದು ಮಿಲಿಮೀಟರ್ ಮೇಲೆದ್ದಿತು, ಕುಲುಕಾಟ ಮಾತ್ರ ಹಿಂದಿಗಿಂತ ಹೆಚ್ಚಾಯಿತು. ಸಣ್ಣ ಗುಂಡಿಗೂ ಸುತ್ತಿಗೆಯಲ್ಲಿ ಬಡಿದ ಹಾಗೆ ಸದ್ದು ಬರುತ್ತಿದ್ದುದನ್ನು ಶಾಕ್‌ನ ಗಡಸುತನವೆಂದೇ ನಾನು ಆರು ತಿಂಗಳು ನಂಬಿದ್ದೆ. ಕೊನೆಗೆ ಅರ್ಧ ಬೆಲೆಗೆ ಮಾರಿದೆ.

ಕಣ್ಣು ತೆರೆಸಿದ್ದು ವೈರು ಕಟ್ಟುವ ಒಂದು ಪ್ಲಾಸ್ಟಿಕ್ ಟೈ. ಅದನ್ನು ಶಾಕ್‌ನೊಳಗೆ ಹೋಗಿಬರುವ ರಾಡಿಗೆ ಬಿಗಿಯಾಗಿ ಸುತ್ತಿ, ರಾಡು ಒಳಹೋಗುವ ಕೊರಳಿನವರೆಗೆ ಕೆಳಕ್ಕೆ ತಳ್ಳಿ, ಅರ್ಧ ಗಂಟೆ ಓಡಿಸಿ ಬಂದು ನೋಡಿದರೆ ಅದು ಬಂಪ್ ಸ್ಟಾಪಿನ, ಅಂದರೆ ಶಾಕ್ ಪೂರ್ತಿ ಮುಚ್ಚಿಕೊಳ್ಳದಂತೆ ತಡೆಯುವ ತುಂಡಿನ, ರಬ್ಬರಿಗೆ ಒತ್ತಿಕೊಂಡು ಜಜ್ಜಿಹೋಗಿತ್ತು. ಸಮತಟ್ಟಾದ ನೆಲದ ಮೇಲೆ ಕಾರು ನಿಂತಾಗ ಕೊರಳಿಗೂ ರಬ್ಬರಿಗೂ ನಡುವೆ ಉಳಿದಿದ್ದ ಜಾಗ ಮುಂದುಗಡೆ 12 ಮಿಲಿಮೀಟರಿನ ಆಸುಪಾಸು, ಅಂದರೆ ಒಂದು ಬೆರಳಿನ ದಪ್ಪವೂ ಇಲ್ಲ. ಈ ಕಾರಿನ ಮುಂಭಾಗದಲ್ಲಿ ಚಕ್ರ 40 ಮಿಲಿಮೀಟರ್ ಸರಿದರೆ ಶಾಕ್ ಸುಮಾರು 28ರಿಂದ 30 ಮಿಲಿಮೀಟರ್ ಸರಿಯುತ್ತದೆ. ತಗ್ಗಿಸಿದಾಗ ಆ ಜಾಗವನ್ನು ನಾನೇ ನುಂಗಿಹಾಕಿದ್ದೆ. ಅಷ್ಟು ದಿನ ನಾನು ಸ್ಪ್ರಿಂಗಿನ ಮೇಲಲ್ಲ, ರಬ್ಬರಿನ ಮೇಲೆ ಓಡಾಡುತ್ತಿದ್ದೆ. ಎಣ್ಣೆ ಕಾರಿದ ಮೊದಲ ಸೆಟ್ಟಿನ ಸಾವಿಗೂ ಇದೇ ಕಾರಣವಿದ್ದೀತು ಎಂದು ಆಮೇಲೆ ಹೊಳೆಯಿತು.

ಆದ್ದರಿಂದ ಮೂರನೆಯದನ್ನು ಕೊಳ್ಳುವ ಮುಂಚೆ ಒಂದು ಇಡೀ ಭಾನುವಾರ ಸ್ಪ್ರಿಂಗುಗಳನ್ನು ಕಳಚಿಟ್ಟು, ಬರಿಯ ಶಾಕ್ ಸಿಕ್ಕಿಸಿ, ಜಾಕಿನಿಂದ ಚಕ್ರವನ್ನು ಮೇಲೆತ್ತುತ್ತ, ಟೈರು ಎಲ್ಲಿ ಮಡ್‌ಗಾರ್ಡಿಗೆ ತಗಲುತ್ತದೆ, ಶಾಕ್ ಎಲ್ಲಿ ಪೂರ್ತಿ ಮುಚ್ಚಿಕೊಳ್ಳುತ್ತದೆ ಎಂಬ ಎರಡು ಅಳತೆಗಳನ್ನು ನಾಲ್ಕೂ ಮೂಲೆಗಳಲ್ಲಿ ಬರೆದುಕೊಂಡೆ. ಹೊಸ ಶಾಕ್ ಆರಿಸಿದ್ದು ಈ ಚೀಟಿಯನ್ನು ಮುಂದಿಟ್ಟುಕೊಂಡೇ. ನಾನು ಆರಿಸಿದ್ದು ಹಳದಿ ಬಣ್ಣದ ಕೋನಿ ಸ್ಪೋರ್ಟ್, ರಿಬೌಂಡನ್ನು, ಅಂದರೆ ಒತ್ತಿಹೋದ ಶಾಕ್ ಮತ್ತೆ ಚಾಚಿಕೊಳ್ಳುವಾಗಿನ ಬಿಗಿಯನ್ನು ಮಾತ್ರ ತಿರುವಿ ಹೊಂದಿಸಬಹುದಾದದ್ದು. ಅದರ ಜೊತೆಗೆ ಎರಡನೆಯ ತಲೆಮಾರಿನ ಎಂಎಕ್ಸ್-5ನ ಹಳೆಯ ಟಾಪ್ ಮೌಂಟ್‌ಗಳನ್ನು (ಶಾಕ್‌ನ ಮೇಲ್ತುದಿಯನ್ನು ಕಾರಿಗೆ ಹಿಡಿಸುವ ಭಾಗಗಳನ್ನು) ಹುಡುಕಿ ತಂದೆ. ಅವುಗಳಿಂದ ಶಾಕ್‌ಗೆ ಮೇಲ್ಮುಖವಾಗಿ ಹೆಚ್ಚುವರಿ ಓಟ ಸಿಗುತ್ತದೆ. ವಾಷರ್ ಹೊಂದಿಸುವ ರಗಳೆ ಇದೆ, ಆದರೆ ಇಡೀ ಕೆಲಸದಲ್ಲಿ ಕೊಟ್ಟ ಹಣಕ್ಕೆ ಅತಿ ಹೆಚ್ಚು ಫಲ ಕೊಟ್ಟದ್ದು ಈ ಹಳೆಯ ಮೌಂಟುಗಳೇ. ಮೂಲದ ಉದ್ದನೆಯ ಬಂಪ್ ಸ್ಟಾಪುಗಳ ಜಾಗಕ್ಕೆ ಗಿಡ್ಡ ಪಾಲಿಯುರೆಥೇನ್ ಸ್ಟಾಪುಗಳು ಬಂದವು. ಅವುಗಳನ್ನು ಎಷ್ಟು ಕತ್ತರಿಸಿದೆ, ಯಾವ ಆಕಾರಕ್ಕೆ ತಂದೆ ಎಂಬುದನ್ನು ಸದ್ಯ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಅತಿಯಾಗಿ ಕತ್ತರಿಸಿದರೆ ಶಾಕ್ ಒಳಗೊಳಗೇ ತಳಕ್ಕೆ ಬಡಿದು ಸಾಯುತ್ತದೆ ಎಂದಷ್ಟು ಹೇಳಿದರೆ ಸಾಕು.

ಇಷ್ಟಾದ ಮೇಲೂ ಎಡವಿದೆ. ಬಿಗಿಯಾದಷ್ಟೂ ಒಳ್ಳೆಯದು ಎಂಬ ಹಳೆಯ ಚಟಕ್ಕೆ ಬಿದ್ದು ನಾಲ್ಕೂ ಶಾಕ್‌ಗಳ ರಿಬೌಂಡ್ ತಿರುಪುಗಳನ್ನು ಕೊನೆಯವರೆಗೆ ಬಿಗಿಸಿದೆ. ಸಾಲು ಸಾಲು ಉಬ್ಬುಗಳಿರುವ ರಸ್ತೆಯಲ್ಲಿ ಕಾರು ಒಂದೊಂದು ಉಬ್ಬಿಗೂ ಕುಸಿಯುತ್ತ ಹೋಯಿತು. ರಿಬೌಂಡ್ ಅಷ್ಟು ಬಿಗಿಯಾದಾಗ, ಒಮ್ಮೆ ಒತ್ತಿಹೋದ ಸ್ಪ್ರಿಂಗ್ ಹಿಂದಿರುಗುವಷ್ಟರಲ್ಲಿ ಮುಂದಿನ ಉಬ್ಬು ಬಂದಿರುತ್ತದೆ. ಟೈ ಮತ್ತೆ ರಬ್ಬರಿಗೆ ಒತ್ತಿಕೊಂಡಿತ್ತು. ಎಲ್ಲವನ್ನೂ ಪೂರ್ತಿ ಸಡಿಲಿಸಿ, ವಾರಕ್ಕೆ ಕಾಲು ಸುತ್ತಿನಂತೆ ಬಿಗಿಸುತ್ತ ಬಂದು, ಈಗ ಮುಂದೆ ಮುಕ್ಕಾಲು ಸುತ್ತು, ಹಿಂದೆ ಅರ್ಧ ಸುತ್ತಿಗೆ ನಿಲ್ಲಿಸಿದ್ದೇನೆ.

ನಡುವೆ ಕುತೂಹಲಕ್ಕೆಂದು ಸ್ಪ್ರಿಂಗಿನ ಕೆಳಗೆ ನಾಲ್ಕು ಮಿಲಿಮೀಟರ್ ರಬ್ಬರ್ ಪ್ಯಾಕಿಂಗ್ ಇಟ್ಟು ನೋಡಿದ್ದೂ ಉಂಟು. ಸದ್ದು ತುಸು ತಗ್ಗಿತು, ಎರಡು ತಿಂಗಳಲ್ಲಿ ಪ್ಯಾಕಿಂಗ್ ಹಪ್ಪಳವಾಯಿತು. ಟೈರಿನ ಗಾಳಿ ಇಳಿಸಿ ಮೆತ್ತಗೆ ಮಾಡುವ ಉಪಾಯ ಸ್ಟಿಯರಿಂಗನ್ನು ಹಾಳುಮಾಡಿತಷ್ಟೆ.

ಇನ್ನೊಂದು ತಪ್ಪಿಗೆ ಅಲೈನ್‌ಮೆಂಟಿನ, ಅಂದರೆ ಚಕ್ರಗಳ ಕೋನ ಹೊಂದಿಸುವ ಕೆಲಸದ ಹಣ ಎರಡು ಸಲ ತೆರಬೇಕಾಯಿತು. ಚಕ್ರವನ್ನು ಕಾರಿಗೆ ಹಿಡಿದಿಡುವ ಕೆಳಗಿನ ಆರ್ಮುಗಳ ಬೋಲ್ಟುಗಳನ್ನು ಕಾರು ಜಾಕಿನ ಮೇಲಿದ್ದಾಗಲೇ ಬಿಗಿಸಿಬಿಟ್ಟಿದ್ದರಿಂದ, ನೆಲಕ್ಕಿಳಿಸಿದಾಗ ಆರ್ಮಿನ ಕೀಲುಗಳಲ್ಲಿರುವ ಬುಷ್‌ಗಳ ರಬ್ಬರು ತಿರುಚಿಕೊಂಡು ಕಾರು ಐದಾರು ಮಿಲಿಮೀಟರ್ ಎತ್ತರದಲ್ಲೇ ಉಳಿದಿತ್ತು. ಬೋಲ್ಟು ಸಡಿಲಿಸಿ, ಚಕ್ರಗಳ ಮೇಲೆ ಭಾರ ಬಿಟ್ಟು, ಕಾರನ್ನು ನಾಲ್ಕು ಸಲ ಅದುಮಿ ಮತ್ತೆ ಬಿಗಿಸಿದೆ. ಎತ್ತರ ಬದಲಾಗಿದ್ದರಿಂದ ಅಲೈನ್‌ಮೆಂಟ್ ಮೊದಲಿನಿಂದ ಆಗಬೇಕಾಯಿತು.

ಲೆಕ್ಕ ಹಾಕಿದರೆ ಒಟ್ಟು ಖರ್ಚಿನ ಅರ್ಧಕ್ಕಿಂತ ಹೆಚ್ಚು ಮೊದಲೆರಡು ಸೆಟ್ಟುಗಳಿಗೇ ಹೋಗಿದೆ. ಮೂರನೆಯದು ಹದಿನೆಂಟು ಸಾವಿರ ಕಿಲೋಮೀಟರ್ ದಾಟಿದೆ, ರಾಡು ಒಣಗಿಯೇ ಇದೆ. ಕಳೆದ ವಾರ ಟೈ ನೋಡಿದಾಗ ಮುಂದುಗಡೆ ಅದಕ್ಕೂ ರಬ್ಬರಿಗೂ ನಡುವೆ ಇನ್ನೂ ಒಂದು ಬೆರಳು ತೂರಿಸುವಷ್ಟು ಜಾಗವಿತ್ತು.