ಬಾಲ ತಂದು ಮುಂದೆ ಇಡಿ: ಹಾವೇರಿಯ ನನ್ನ ಇಂಗ್ಲಿಷ್ ಟ್ಯೂಷನ್ ಅನುಭವ

ಈ ಸಲದ ಹತ್ತನೇ ತರಗತಿ ಬ್ಯಾಚಿನಲ್ಲಿ 23 ಮಕ್ಕಳಿದ್ದರು. ಎಲ್ಲರೂ ಕನ್ನಡ ಮಾಧ್ಯಮದವರು. ಜೂನ್‌ನಲ್ಲಿ ಬಂದಾಗ ಒಂದು ಇಂಗ್ಲಿಷ್ ವಾಕ್ಯವನ್ನು ತಾವಾಗಿ ಕಟ್ಟುತ್ತಿದ್ದವರು ನಾಲ್ಕೋ ಐದೋ ಮಂದಿ. ಡಿಸೆಂಬರ್ ಹೊತ್ತಿಗೆ 19 ಮಂದಿ, ನಾನು ಕನ್ನಡದಲ್ಲಿ ಹೇಳಿ ಮುಗಿಸುವುದರೊಳಗೆ ಇಂಗ್ಲಿಷಿನಲ್ಲಿ ಹೇಳುತ್ತಿದ್ದರು. "ಇದು ಆಗೋದಲ್ಲ ಬಿಡ್ರಿ ಅಕ್ಕೋರ" ಅಂತ ಮೂರು ವರ್ಷ ಹೇಳಿದವರೇ ಈಗ ಮನೆಯ ಮಕ್ಕಳನ್ನು ಕಳಿಸುತ್ತಿದ್ದಾರೆ. ಅದಕ್ಕೇ, ಕನ್ನಡ ವಾಕ್ಯದಿಂದಲೇ ಇಂಗ್ಲಿಷ್ ವಾಕ್ಯ ಕಟ್ಟಿಸುವ ನನ್ನ ದಾರಿಯ ಬಗ್ಗೆ ಬರೆಯುತ್ತಿದ್ದೇನೆ. ಟ್ಯೂಷನ್ ನಡೆಸುವವರಿಗೆ ಪ್ರೊನೌನ್ (ಹೆಸರಿನ ಬದಲು ಬರುವ ಐ, ಹಿ ಥರದ ಶಬ್ದ) ಯಾವುದು, ಪ್ರಿಪೊಸಿಷನ್ (ಟು, ಇನ್, ಫ್ರಮ್ ಥರದ ಶಬ್ದ) ಯಾವುದು ಅಂತ ಹೇಳಬೇಕಾಗಿಲ್ಲ. ನನ್ನ ಕಷ್ಟ ಎಲ್ಲಿತ್ತು ಅನ್ನುವುದನ್ನು ಹೇಳುತ್ತೇನೆ.

ಮೊದಲ ವರ್ಷ ಎಲ್ಲರೂ ಮಾಡುವುದನ್ನೇ ಮಾಡಿದೆ. ಪಟ್ಟಿ ಕೊಟ್ಟೆ. 'ಗೆ' ಅಂದರೆ ಟು, 'ಅಲ್ಲಿ' ಅಂದರೆ ಇನ್, 'ಇಂದ' ಅಂದರೆ ಫ್ರಮ್. ಮಕ್ಕಳು ಚೆನ್ನಾಗಿ ಬಾಯಿಪಾಠ ಮಾಡಿದರು. ಆಮೇಲೆ ಒಬ್ಬ ಹುಡುಗಿ 'ಐ ಕಟ್ ಇಟ್ ಫ್ರಮ್ ನೈಫ್' ಅಂತ ಬರೆದಳು. ಚಾಕುವಿನಿಂದ ತಾನೇ ಕೊಯ್ಯುವುದು! ಇನ್ನೊಬ್ಬ 'ಐ ಕೇಮ್ ಟು ಬಸ್' ಅಂದ. ನಮ್ಮ ಕಡೆ 'ಬಸ್ಸಿಗೆ ಬಂದೆ' ಅಂತಲೇ ಅನ್ನುತ್ತೇವೆ, ಅಲ್ವಾ? 'ನಾಯಿಗೆ ಅಂಜುತ್ತೇನೆ' ಅನ್ನುವುದು 'ಅಫ್ರೇಡ್ ಟು ಡಾಗ್' ಆಯಿತು. ಮಕ್ಕಳ ತಪ್ಪಲ್ಲ. ನಾನು ಕಲಿಸಿದ್ದನ್ನೇ ಅವರು ನಿಷ್ಠೆಯಿಂದ ಬರೆದಿದ್ದರು.

ಎರಡನೇ ವರ್ಷ ದುಡ್ಡು ಹಾಕಿದೆ. ಹಳೆಯ ಪ್ರೊಜೆಕ್ಟರ್ ಒಂದಕ್ಕೆ ಸುಮಾರು 18 ಸಾವಿರ. ತಗಡಿನ ಶೆಡ್ಡಿನಲ್ಲಿ ಸಂಜೆಯ ಬೆಳಕಿಗೆ ಗೋಡೆಯ ಮೇಲೆ ಏನೂ ಕಾಣಲಿಲ್ಲ. ಕರೆಂಟೂ ಕೈಕೊಡುತ್ತಿತ್ತು. ಆರು ಸಾವಿರಕ್ಕೆ ಮಾರಿದೆ. ಆಮೇಲೆ ಹುಬ್ಬಳ್ಳಿಯಲ್ಲಿ ಒಂಬತ್ತು ಸಾವಿರ ಕೊಟ್ಟು ಕಾರ್ಡು ಪ್ರಿಂಟ್ ಮಾಡಿಸಿದೆ. ಒಂದು ಕಾರ್ಡಿಗೆ ಒಂದೇ ಶಬ್ದ. ಮಕ್ಕಳು ಜೋಡಿಸಿ ವಾಕ್ಯ ಮಾಡಬೇಕು.

ಆ ಕಾರ್ಡುಗಳೂ ಸೋತವು. ಆದರೆ ನನ್ನ ಕಣ್ಣು ತೆರೆದದ್ದು ಅವುಗಳಿಂದಲೇ. ಒಬ್ಬ ಹುಡುಗ ನೆಲದ ಮೇಲೆ ಕಾರ್ಡು ಹರಡಿ ಜೋಡಿಸಿದ: ಐ, ಮಾರ್ಕೆಟ್, ಟು, ಗೋ. ತಪ್ಪು ಅಂತ ಹೇಳಲು ಹೋದವಳು ನಿಂತುಬಿಟ್ಟೆ. ನಾನು, ಮಾರ್ಕೆಟ್, ಗೆ, ಹೋಗುತ್ತೇನೆ. ಅವನು ಆರಿಸಿದ ಒಂದು ಕಾರ್ಡೂ ತಪ್ಪಿರಲಿಲ್ಲ. ಜಾಗ ಮಾತ್ರ ತಪ್ಪಿತ್ತು. ಕನ್ನಡದಲ್ಲಿ 'ಗೆ' ಶಬ್ದದ ಬಾಲ, 'ಹೋಗುತ್ತೇನೆ' ವಾಕ್ಯದ ಬಾಲ. ಇಂಗ್ಲಿಷಿನಲ್ಲಿ ಈ ಎರಡೂ ಬಾಲಗಳು ಮುಂದೆ ಬರಬೇಕು. ಅಷ್ಟೇ!

ಅಂದಿನಿಂದ ಬೋರ್ಡಿನ ಮೇಲೆ ಮೂರೇ ಮನೆ ಹಾಕಿದೆ. ಮೊದಲ ಮನೆ ಪ್ರೊನೌನ್, ಎರಡನೇದು ವರ್ಬ್ ಅಂದರೆ ಕ್ರಿಯಾಪದ, ಮೂರನೇದು ಪ್ರಿಪೊಸಿಷನ್ ಕೂಡಿದ ಗುಂಪು. ಕನ್ನಡ ವಾಕ್ಯ ಬರೆದು ಬಾಲಗಳ ಕೆಳಗೆ ಕೆಂಪು ಚಾಕ್‌ಪೀಸಿನಿಂದ ಗೆರೆ ಎಳೆಯುತ್ತೇನೆ. ವಾಕ್ಯದ ಬಾಲ ಎರಡನೇ ಮನೆಗೆ. ಶಬ್ದದ ಬಾಲ ಶಬ್ದದ ಮುಂದಕ್ಕೆ. 'ಅವರು ಹುಬ್ಬಳ್ಳಿಯಲ್ಲಿ ಇರುತ್ತಾರೆ' ಅನ್ನುವುದು 'ದೇ ಲಿವ್ ಇನ್ ಹುಬ್ಬಳ್ಳಿ' ಆಗುತ್ತದೆ. ಇಂಗ್ಲಿಷಿನ ಆರ್ಟಿಕಲ್‌ಗಳಾದ 'ಅ' (a), 'ದ' (the) ಇವುಗಳನ್ನು ಮೊದಲ ಎರಡು ತಿಂಗಳು ನಾನು ಮುಟ್ಟುವುದೇ ಇಲ್ಲ. ಅವನ್ನು ಬಿಟ್ಟರೂ ಬೈಯುವುದಿಲ್ಲ.

ಮೊದಲ ಮನೆಯಲ್ಲಿ ಹೆಸರು ಯಾಕಿಲ್ಲ, ಪ್ರೊನೌನ್ ಮಾತ್ರ ಯಾಕೆ ಅಂತ ಸುಮಾರು ಜನ ಕೇಳಿದ್ದಾರೆ. ಅವು ಇರುವುದೇ ಏಳು: ಐ, ವಿ, ಯು, ಹಿ, ಶಿ, ಇಟ್, ದೇ. ಮಕ್ಕಳು ಶಬ್ದ ಹುಡುಕುತ್ತಾ, ಸ್ಪೆಲ್ಲಿಂಗಿಗೆ ತಡವರಿಸುತ್ತಾ ಕೂರುವುದಿಲ್ಲ. ಇನ್ನೊಂದು ಕಾರಣವೂ ಇದೆ. ನಾವು 'ಪ್ಯಾಟಿಗೆ ಹೋಗಿದ್ದೆ' ಅಂದರೆ ಸಾಕು. ಹೋದದ್ದು ನಾನು ಅಂತ 'ದ್ದೆ' ಹೇಳುತ್ತದೆ. 'ವೆಂಟ್' ಅಂದರೆ ಯಾರು ಹೋದರು? ಐ ವೆಂಟ್, ಶಿ ವೆಂಟ್, ದೇ ವೆಂಟ್. ಎಲ್ಲಕ್ಕೂ ಒಂದೇ. ಹಾಗಾಗಿ ಮೊದಲ ಮನೆ ಖಾಲಿ ಇರುವಂತಿಲ್ಲ. ಇದನ್ನು ಒಮ್ಮೆ ತೋರಿಸಿದರೆ ಮಕ್ಕಳು ಮತ್ತೆ ಮರೆಯುವುದಿಲ್ಲ.

'ವಿತ್ ಐ', 'ಫಾರ್ ಹಿ' ಅಂತ ಬರೆಯುವ ಚಟ ಬಿಡಿಸಲು ಮೊದಲು ನನಗೆ ಒಂದು ತಿಂಗಳು ಬೇಕಾಗುತ್ತಿತ್ತು. ಈಗ ಎರಡು ದಿನ. "'ನಾನು ಜೊತೆ ಬಾ' ಅಂತ ಯಾರಾದ್ರೂ ಅಂತಾರೇನು?" ಅಂತ ಕೇಳುತ್ತೇನೆ. ಇಡೀ ಶೆಡ್ಡು ನಗುತ್ತದೆ. ನಾನು ಅನ್ನುವುದು 'ನನ್ನ' ಆದ ಹಾಗೆಯೇ ಐ ಅನ್ನುವುದು ಮಿ ಆಗುತ್ತದೆ. ವಿತ್ ಮಿ, ಫಾರ್ ಹಿಮ್, ಟು ದೆಮ್. ಏಳರಲ್ಲಿ ಐದು ರೂಪ ಬದಲಿಸುತ್ತವೆ. ಯು, ಇಟ್ ಹಾಗೇ ಉಳಿಯುತ್ತವೆ. ಕನ್ನಡ ಬಲ್ಲ ಮಗುವಿಗೆ ಇದು ಹೊಸದೇನಲ್ಲ.

ಚಾಕುವಿನ ಕಷ್ಟ ಮಾತ್ರ ಬಾಲದಿಂದ ಬಗೆಹರಿಯಲಿಲ್ಲ. ಬಾಲ ಎಲ್ಲಿಗೆ ಹೋಗಬೇಕು ಅಂತ ಗೊತ್ತಾಯಿತು. ಆದರೆ ಅಲ್ಲಿ ಫ್ರಮ್ ಬರಬೇಕೋ ವಿತ್ ಬರಬೇಕೋ? ಅದಕ್ಕೆ ವರ್ಬನ್ನು ಅದರ ಜೋಡಿಯ ಜೊತೆಗೇ ಕಲಿಸತೊಡಗಿದೆ. ವೇಟ್ ಫಾರ್ ಮಿ. ಲಿಸನ್ ಟು ಮಿ. ಲುಕ್ ಅಟ್ ಮಿ. ಕಟ್ ಇಟ್ ವಿತ್ ಅ ನೈಫ್. ಬರಿ ವೇಟ್ ಅಂತ ನನ್ನ ಕ್ಲಾಸಿನಲ್ಲಿ ಯಾರೂ ಬರೆಯುವುದಿಲ್ಲ. ಜೋಡಿ ಇಲ್ಲದ ವರ್ಬುಗಳಿಗೆ ಬೇರೆ ಪುಟ. 'ಅವನ ಬಗ್ಗೆ ಚರ್ಚಿಸಿದೆವು' ಅಂತ ಕನ್ನಡದಲ್ಲಿ 'ಬಗ್ಗೆ' ಬಂದರೂ ಡಿಸ್ಕಸ್ ಆದಮೇಲೆ ಅಬೌಟ್ ಬರಬಾರದು. ಕೋಣೆಯೊಳಗೆ ಬಂದರೂ 'ಎಂಟರ್ಡ್ ದ ರೂಮ್', ಇಂಟು ಬೇಡ. ನನ್ನ ಹತ್ತಿರ ವೇಟ್ ಫಾರ್ ಥರದ 40 ಜೋಡಿಗಳಿವೆ. ಅವನ್ನು ಯಾವ ಕ್ರಮದಲ್ಲಿ ಕಲಿಸುತ್ತೇನೆ, ಮೊದಲ ವಾರ ಯಾವ ಆಟ ಆಡಿಸುತ್ತೇನೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಅದು ನನ್ನ ಹೊಟ್ಟೆಪಾಡು.

ಈ ದಾರಿಗೆ ಬಂದ ಮೊದಲ ವರ್ಷ ತುಂಬ ಕಷ್ಟವಾಯಿತು. ಫೀ ತಿಂಗಳಿಗೆ 400. "ಅಕ್ಕೋರ, ನೌನ್ ಅಂದ್ರ ಏನಂತ ಕೇಳಿದ್ರ ಹುಡುಗ ಬಾಯಿ ಬಿಡವಲ್ಲ. ಮತ್ತ ಏನು ಕಲಸಾಕತ್ತೀರಿ?" ಅಂತ ಒಬ್ಬ ತಂದೆ ಜಗಳಕ್ಕೇ ಬಂದರು. ಏಳು ಮಕ್ಕಳು ಬಿಟ್ಟುಹೋದರು. ಶೆಡ್ಡಿನ ಬಾಡಿಗೆಯೇ 2,500. ಎರಡು ತಿಂಗಳು ಮನೆಯ ದುಡ್ಡು ಕೊಟ್ಟೆ. ನಾನು ಗೌರವಿಸುವ ಹಿರಿಯ ಮಾಸ್ತರರೊಬ್ಬರು, "80 ಮಾರ್ಕಿನ ಪೇಪರಿಗೆ ತಯಾರು ಮಾಡು, ಸಾಕು. ಉಳಿದ 20 ಶಾಲೆಯವರು ನೋಡಿಕೊಳ್ಳುತ್ತಾರೆ" ಅಂದರು. ಆದರೆ ಆ 80ರಲ್ಲೇ ಪತ್ರ, ಪ್ರಬಂಧ ಇವೆಯಲ್ಲ. ವಾಕ್ಯ ಕಟ್ಟಲು ಬಾರದವನು ಅಲ್ಲಿ ಏನು ಬರೆಯುತ್ತಾನೆ? ಮೊದಲು ನನ್ನ ಬ್ಯಾಚಿನ ಸರಾಸರಿ 45ರ ಆಸುಪಾಸು ಇರುತ್ತಿತ್ತು. ಈಗ 65 ದಾಟಿದೆ. ಆ ಮಾಸ್ತರರ ಮೊಮ್ಮಗಳು ಈಗ ನನ್ನ ಹತ್ತಿರವೇ ಬರುತ್ತಾಳೆ.

ನಡುವೆ ಬ್ಯಾಡಗಿಯಲ್ಲೂ ಒಂದು ಪ್ರಯೋಗ ಮಾಡಿದೆ. ನನ್ನ ತಮ್ಮ ಅಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಾನೆ. ಹೊರರಾಜ್ಯದ ಖರೀದಿದಾರರಿಗೆ ಇಂಗ್ಲಿಷಿನಲ್ಲಿ ವಾಟ್ಸಾಪ್ ಮೆಸೇಜ್ ಹಾಕಬೇಕು. ಅವನೂ ಅವನ ಗೆಳೆಯರೂ ಸೇರಿ ಆರು ಮಂದಿ ಭಾನುವಾರ ಬೆಳಿಗ್ಗೆ ಕೂರುತ್ತಿದ್ದರು. ಮೆಣಸಿನಕಾಯಿ ಡಬ್ಬಿ ತಳಿಯದ್ದಾಗಲಿ ಕಡ್ಡಿ ತಳಿಯದ್ದಾಗಲಿ, ಮಾಲಿಗೆಲ್ಲ ಇಟ್ ಅಂದರಾಯಿತು. 'ನಾವು ಸೋಮವಾರ ಲಾರಿಯಲ್ಲಿ ನಿಮಗೆ ಅದನ್ನು ಕಳಿಸಿದೆವು.' ಇದನ್ನು ಬಾಲದಿಂದ ಹಿಂದಕ್ಕೆ ಓದಿ: ವಿ ಸೆಂಟ್ ಇಟ್ ಟು ಯು ಬೈ ಲಾರಿ ಆನ್ ಮಂಡೇ. 'ನಾವು' ಮಾತ್ರ ಅಲ್ಲೇ ಇದೆ, ಉಳಿದದ್ದೆಲ್ಲ ಕನ್ನಡಿಯಲ್ಲಿ ನೋಡಿದ ಹಾಗೆ ತಿರುಗಿದೆ! ಆ ದಿನ ನನಗಾದ ಖುಷಿ ಹೇಳತೀರದು. ಮಕ್ಕಳಿಗೆ ಮೂರೇ ಮನೆ ಸಾಕು ಅಂತ ನಾನೇ ಅಂದುಕೊಂಡಿದ್ದೆ. ಇವರು ಆರು ಮನೆ ತುಂಬಿಸಿದರು. ಹುಡುಗರು ಮೂರೇ ವಾರದಲ್ಲಿ ಮೆಸೇಜಿಗೆ ಕೈ ಹಾಕಿದರು. ಫೋನಿನಲ್ಲಿ ಮಾತಾಡಲು ಮಾತ್ರ ಬರಲಿಲ್ಲ. ಆ ಕಡೆಯವರು ವೇಗವಾಗಿ ಮಾತಾಡಿದರೆ ತಿಳಿಯುತ್ತಿರಲಿಲ್ಲ. ಅದಕ್ಕೆ ನನ್ನ ಹತ್ತಿರ ಉಪಾಯವಿರಲಿಲ್ಲ. ಸುಗ್ಗಿ ಬಂತು, ಮಾಲು ರಾಶಿ ಬಿತ್ತು, ಕ್ಲಾಸು ನಿಂತಿತು.

ಇನ್ನು ನಾನು ಕಲಿಸಿದ ರೀತಿಯಿಂದಲೇ ಹುಟ್ಟಿದ ತಪ್ಪೊಂದಿದೆ. ಜೋಡಿ ಬಿಡಬೇಡಿ ಅಂತ ಹೇಳಿ ಹೇಳಿ, ಮಕ್ಕಳು 'ಪಿಕ್ ಅಪ್ ಮಿ', 'ಟರ್ನ್ ಆಫ್ ಇಟ್' ಅನ್ನತೊಡಗಿದರು. ಲುಕ್ ಅಟ್ ಇಟ್ ಸರಿ. ಟರ್ನ್ ಆಫ್ ಇಟ್ ತಪ್ಪು, ಟರ್ನ್ ಇಟ್ ಆಫ್ ಆಗಬೇಕು. ಫ್ಯಾನ್ ಅಂತ ಹೆಸರು ಹೇಳಿದರೆ ಎರಡೂ ನಡೆಯುತ್ತದೆ: ಟರ್ನ್ ಆಫ್ ದ ಫ್ಯಾನ್, ಟರ್ನ್ ದ ಫ್ಯಾನ್ ಆಫ್. ಇಟ್ ಬಂದರೆ ಮಾತ್ರ ಅದು ನಡುವೆಯೇ ಕೂರಬೇಕು. ಇಲ್ಲಿ ಆಫ್, ಅಪ್ ಇವು ವರ್ಬಿನದೇ ತುಂಡು, ಪ್ರಿಪೊಸಿಷನ್ ಅಲ್ಲ. ಹೀಗೆ ವಿವರಿಸಿದರೆ ಮಕ್ಕಳು ಸುಮ್ನೆ ತಲೆ ಆಡಿಸುತ್ತಾರೆ, ಮರುದಿನ ಮತ್ತೆ ಅದೇ. ಹಾಗಾಗಿ ಇವನ್ನು ದಸರಾ ಆದಮೇಲೆ ಬೇರೆಯಾಗಿ, ಹಳದಿ ಚಾಕ್‌ಪೀಸಿನಲ್ಲಿ ಬರೆದು ಕಲಿಸುತ್ತಿದ್ದೇನೆ. ಸಂಜೆ ಕ್ಲಾಸು ಬಿಡುವಾಗ ಲೈಟು, ಫ್ಯಾನು ಬಂದ್ ಮಾಡುವ ಪಾಳಿ ಇದೆ. ಪಾಳಿಯವರು ಸ್ವಿಚ್ ಮುಟ್ಟುವ ಮೊದಲು ಉಳಿದವರು 'ಟರ್ನ್ ಇಟ್ ಆಫ್' ಅಂತ ಕೂಗಬೇಕು. 23ರಲ್ಲಿ ಹನ್ನೆರಡು ಮಂದಿಗೆ ಇದು ಕೂತಿದೆ. ಉಳಿದವರಿಗೆ ಇನ್ನೂ ಇಲ್ಲ. ಬರುವ ಜೂನ್‌ನಲ್ಲಿ ಸೇರುವ ಬ್ಯಾಚಿಗೆ ಹಳದಿಯನ್ನು ಇನ್ನೂ ತಡವಾಗಿ, ನವೆಂಬರಿನಲ್ಲಿ ತಂದು ನೋಡಬೇಕು ಅಂತಿದ್ದೇನೆ.