ಪಾಲಿ ಐಸಿ ಹಾಕಿದ ಮೇಲೆ ಜೀವಕೋಶ ಏನು ಮಾಡುತ್ತದೆ: ಮಣಿಪಾಲದ ಲ್ಯಾಬ್‌ನ ನನ್ನ ಅನುಭವ

ಜೀವಕೋಶಕ್ಕೆ ಕೃತಕ ಆರ್‌ಎನ್‌ಎ ಕೊಟ್ಟು ಇಂಟರ್‌ಫೆರಾನ್ (ವೈರಸ್ ಬಂದಾಗ ಕೋಶ ಹೊರಬಿಡುವ ಎಚ್ಚರಿಕೆಯ ಪ್ರೋಟೀನ್) ಮಾಡಿಸುವುದು ಅಂಥ ಕಷ್ಟದ ಕೆಲಸ ಅಲ್ಲ. ಆದರೆ ಅದೇ ಕೋಶ ಕೆಲವೇ ಗಂಟೆಗಳಲ್ಲಿ ಆ ಉತ್ಪಾದನೆಯನ್ನು ನಿಲ್ಲಿಸಿಯೂ ಬಿಡುತ್ತದೆ. ಸುಮ್ನೆ ಸುಸ್ತಾಗಿ ನಿಲ್ಲುವುದಲ್ಲ, ಬೇಕೆಂದೇ ನಿಲ್ಲಿಸುತ್ತದೆ. ಮಣಿಪಾಲದ ಲ್ಯಾಬ್ ಒಂದರಲ್ಲಿ ಪಿಎಚ್‌ಡಿ ಮಾಡುವಾಗ ನಾನು ಜಾಸ್ತಿ ತಲೆ ಕೆಡಿಸಿಕೊಂಡದ್ದು ಈ ನಿಲ್ಲಿಸುವ ಭಾಗದ ಬಗ್ಗೆಯೇ. ಇದೇ ಕೆಲಸಕ್ಕೆ ಇಳಿಯುವವರಿಗೆ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ.

ಹಿನ್ನೆಲೆ ಚುಟುಕಾಗಿ ಹೇಳುತ್ತೇನೆ. ಇಂಟರ್‌ಫೆರಾನ್ ಪತ್ತೆಯಾದದ್ದು 1957ರಲ್ಲಿ, ಲಂಡನ್ನಿನಲ್ಲಿ. ಅಲಿಕ್ ಐಸಾಕ್ಸ್ ಮತ್ತು ಜೀನ್ ಲಿಂಡೆನ್‌ಮನ್ ಅದನ್ನು ಗುರುತಿಸಿದರು. ನಮ್ಮ ಘಟ್ಟದ ಮೇಲಿನ ಕ್ಯಾಸನೂರಿನಲ್ಲಿ ಮಂಗನ ಕಾಯಿಲೆ ಪತ್ತೆಯಾದದ್ದೂ ಅದೇ ವರ್ಷ. ಹತ್ತು ವರ್ಷದ ನಂತರ, 1967ರಲ್ಲಿ, ಮೌರಿಸ್ ಹಿಲ್ಮನ್ ಅವರ ತಂಡ ಪಾಲಿ ಐಸಿ ಎಂಬ ಕೃತಕ ಆರ್‌ಎನ್‌ಎ ಕೂಡ ಇಂಟರ್‌ಫೆರಾನ್ ಬರಿಸುತ್ತದೆ ಎಂದು ತೋರಿಸಿತು. ಇದರ ಒಂದು ಎಳೆಯಲ್ಲಿ ಬರೀ ಐನೋಸಿನ್, ಇನ್ನೊಂದರಲ್ಲಿ ಬರೀ ಸೈಟಿಡಿನ್. ಯಾವ ಪ್ರೋಟೀನಿಗೂ ಇದರಲ್ಲಿ ಸಂಕೇತ ಇಲ್ಲ. ಆದರೂ ಕೋಶ ಹೆದರುತ್ತದೆ. ಉದ್ದದ ಎರಡೆಳೆ ಆರ್‌ಎನ್‌ಎ ಕಂಡರೆ ವೈರಸ್ ಬಂದಿದೆ ಅಂತಲೇ ಅದರ ಲೆಕ್ಕ.

ಪಾಲಿ ಐಸಿಯನ್ನು ಕೋಶಕ್ಕೆ ಹೇಗೆ ಕೊಡುತ್ತೀರಿ ಎನ್ನುವುದು ಬಹಳ ಮುಖ್ಯ. ಸುಮ್ನೆ ಮೀಡಿಯಾಕ್ಕೆ (ಕೋಶ ಬೆಳೆಸುವ ದ್ರವಕ್ಕೆ) ಬೆರೆಸಿದರೆ ಅದು ಎಂಡೋಸೋಮ್‌ಗೆ (ಹೊರಗಿನದನ್ನು ಒಳಗೆಳೆದುಕೊಳ್ಳುವ ಚೀಲಕ್ಕೆ) ಹೋಗುತ್ತದೆ, ಅಲ್ಲಿ ಟಿಎಲ್‌ಆರ್3 ಎಂಬ ಕಾವಲು ಪ್ರೋಟೀನ್ ಅದನ್ನು ಹಿಡಿಯುತ್ತದೆ. ಲಿಪೊಫೆಕ್ಟಮೈನ್ ಎಂಬ ಕೊಬ್ಬಿನ ದ್ರಾವಣದ ಜೊತೆ ಒಳಗೆ ನುಗ್ಗಿಸಿದರೆ (ಇದೇ ಟ್ರಾನ್ಸ್‌ಫೆಕ್ಷನ್) ಸೈಟೊಪ್ಲಾಸಮ್‌ನಲ್ಲಿರುವ ರಿಗ್-ಐ ಮತ್ತು ಎಂಡಿಎ5 ಎಂಬ ಬೇರೆ ಕಾವಲು ಪ್ರೋಟೀನುಗಳು ಹಿಡಿಯುತ್ತವೆ. ಉದ್ದದ ತುಂಡಾದರೆ ಹೆಚ್ಚಾಗಿ ಎಂಡಿಎ5, ಗಿಡ್ಡದ್ದಾದರೆ ರಿಗ್-ಐ. ಇವೆರಡೂ ಮೈಟೊಕಾಂಡ್ರಿಯಾದ ಮೇಲಿರುವ ಮ್ಯಾವ್ಸ್ ಪ್ರೋಟೀನಿಗೆ ಸುದ್ದಿ ಮುಟ್ಟಿಸುತ್ತವೆ. ಅಲ್ಲಿಂದ ಐಆರ್‌ಎಫ್3 ಮತ್ತು ಎನ್‌ಎಫ್-ಕಪ್ಪಾಬಿ ಎಂಬ, ಜೀನ್ ಎಬ್ಬಿಸುವ ಪ್ರೋಟೀನುಗಳು ನ್ಯೂಕ್ಲಿಯಸ್‌ಗೆ ಹೋಗಿ ಇಂಟರ್‌ಫೆರಾನ್ ಬೀಟಾ ಜೀನ್ ಚಾಲೂ ಮಾಡುತ್ತವೆ. ಹಾಗಾಗಿ ಬಾಟಲಿಯ ಮೇಲೆ ಹೈ ಮಾಲಿಕ್ಯುಲರ್ ವೇಟ್ (ಉದ್ದದ್ದು) ಎಂದಿದೆಯೋ ಲೋ (ಗಿಡ್ಡದ್ದು) ಎಂದಿದೆಯೋ ನೋಡಿಯೇ ಆರ್ಡರ್ ಮಾಡಿ. ಹೈ ಇರುವುದನ್ನು ಕರಗಿಸಿದ ಮೇಲೆ 65ರಿಂದ 70 ಡಿಗ್ರಿಯಲ್ಲಿ 10 ನಿಮಿಷ ಕಾಯಿಸಿ, ಆಮೇಲೆ ಮೇಜಿನ ಮೇಲೆ ತಾನಾಗಿ ತಣಿಯಲು ಬಿಡಬೇಕು. ಐಸ್ ಮೇಲೆ ಇಟ್ಟು ಅವಸರ ಮಾಡಿದರೆ ಎಳೆಗಳು ಸರಿಯಾಗಿ ಕೂಡುವುದಿಲ್ಲ. ಇನ್ನೊಂದು ಮಾತು: ಬೆಂಗಳೂರಿನಿಂದ ಡ್ರೈ ಐಸ್‌ನಲ್ಲಿ ಬರಬೇಕಾದ್ದನ್ನೆಲ್ಲ ಜೂನ್‌ಗೆ ಮೊದಲೇ ತರಿಸಿಕೊಳ್ಳಿ. ಶಿರಾಡಿ ಘಾಟಿಯಲ್ಲಿ ಮಣ್ಣು ಕುಸಿದರೆ ಪಾರ್ಸೆಲ್ ಯಾವಾಗ ಮುಟ್ಟುತ್ತದೋ ದೇವರೇ ಬಲ್ಲ.

ನಾನು ಮುಖ್ಯವಾಗಿ ಬಳಸಿದ್ದು ಎ549, ಮನುಷ್ಯರ ಶ್ವಾಸಕೋಶದ ಕೋಶ. ಪಕ್ಕದಲ್ಲಿ ವೆರೊ ಕೋಶಗಳನ್ನೂ ಇಟ್ಟುಕೊಂಡಿದ್ದೆ. ಆಫ್ರಿಕಾದ ಮಂಗದ ಕಿಡ್ನಿಯಿಂದ ಬಂದ ಈ ಕೋಶಗಳಲ್ಲಿ ಟೈಪ್ 1 ಇಂಟರ್‌ಫೆರಾನ್ (ಬೀಟಾ ಇರುವ ಗುಂಪು) ಜೀನ್‌ಗಳೇ ಅಳಿಸಿಹೋಗಿವೆ. ಆದರೆ ಹೊರಗಿನಿಂದ ಇಂಟರ್‌ಫೆರಾನ್ ಕೊಟ್ಟರೆ ಸ್ಪಂದಿಸುತ್ತವೆ. ಆದ್ದರಿಂದ ಎ549ರ ಮೇಲಿನ ಮೀಡಿಯಾವನ್ನು ವೆರೊಗೆ ಹಾಕಿ, ಅಲ್ಲಿ ಇಂಟರ್‌ಫೆರಾನ್ ತಾಗಿದರೆ ಏಳುವ ಎಂಎಕ್ಸ್1 ಜೀನ್ ಏರುತ್ತದಾ ಅಂತ ನೋಡುತ್ತಿದ್ದೆ. ಐಎಫ್‌ಐಟಿ1 ಎಂಬ ಇನ್ನೊಂದು ಜೀನ್ ನೋಡುವವರೂ ಇದ್ದಾರೆ. ನನಗೆ ಅದು ಅಷ್ಟು ಹಿಡಿಸುವುದಿಲ್ಲ. ಇಂಟರ್‌ಫೆರಾನ್ ಇಲ್ಲದೆಯೂ ಐಆರ್‌ಎಫ್3 ನೇರವಾಗಿ ಅದನ್ನು ಏರಿಸಬಲ್ಲದು. ಮೀಡಿಯಾದಲ್ಲಿ ಉಳಿದ ಪಾಲಿ ಐಸಿಯೇ ಆಟ ಆಡಿರಬಹುದು, ಅಲ್ವಾ? ಹಾಗಾಗಿ ಟ್ರಾನ್ಸ್‌ಫೆಕ್ಷನ್ ಆಗಿ 4 ಗಂಟೆಗೆ ಎ549 ಕೋಶಗಳನ್ನು ಚೆನ್ನಾಗಿ ತೊಳೆದು ಹೊಸ ಮೀಡಿಯಾ ಹಾಕುವುದನ್ನು ಬಿಡಬೇಡಿ.

ಎಂಆರ್‌ಎನ್‌ಎ (ಪ್ರೋಟೀನ್ ಮಾಡಲು ಬೇಕಾದ ಜೀನಿನ ನಕಲು) ಅಳೆಯಲು ಆರ್‌ಟಿ-ಪಿಸಿಆರ್ ಮಾಡುವಾಗ ಒಂದು ವಿಷಯ ಗೊತ್ತಿರಲೇಬೇಕು. ಇಂಟರ್‌ಫೆರಾನ್ ಬೀಟಾ ಜೀನಿನಲ್ಲಿ ಇಂಟ್ರಾನ್ (ಎಂಆರ್‌ಎನ್‌ಎ ಆಗುವಾಗ ಕತ್ತರಿಸಿ ತೆಗೆಯುವ ತುಂಡು) ಇಲ್ಲ. ಅಂದರೆ ಪ್ರೈಮರ್ (ನಕಲು ಎಲ್ಲಿಂದ ಶುರು ಎಂದು ಗುರುತಿಸುವ ತುಂಡು) ಅನ್ನು ಎಷ್ಟೇ ಜಾಣತನದಿಂದ ಕೂರಿಸಿದರೂ ಅದು ಜೀನೋಮಿಕ್ ಡಿಎನ್‌ಎಯನ್ನೂ ಎತ್ತಿಕೊಳ್ಳುತ್ತದೆ. ಡಿಎನ್‌ಎ ಒಡೆಯುವ ಡಿಎನೇಸ್ ಹಾಕಲೇಬೇಕು. ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ (ಆರ್‌ಎನ್‌ಎಯಿಂದ ಡಿಎನ್‌ಎ ಮಾಡುವ ಕಿಣ್ವ) ಇಲ್ಲದ ಕಂಟ್ರೋಲ್ ಪ್ರತಿ ಸ್ಯಾಂಪಲ್‌ಗೂ ಇಡಲೇಬೇಕು. ಏನೂ ಕೊಡದ ಕೋಶದಲ್ಲೂ ಇಂಟರ್‌ಫೆರಾನ್ ಇದೆ ಎಂದು ಯಾರಾದರೂ ಹೇಳಿದರೆ ನಾನು ಮೊದಲು ಕೇಳುವುದು ಇದನ್ನೇ.

ಇನ್ನು ನನಗೆ ಎಲ್ಲಕ್ಕಿಂತ ಖುಷಿ ಕೊಟ್ಟ ಭಾಗ. ಪಾಲಿ ಐಸಿ ಹೋದ ಎ549ರಿಂದ ಆರ್‌ಎನ್‌ಎ ತೆಗೆದು ಜೆಲ್ ಓಡಿಸಿದರೆ 28ಎಸ್, 18ಎಸ್ ಬ್ಯಾಂಡ್‌ಗಳು (ರೈಬೋಸೋಮಿನ ಆರ್‌ಎನ್‌ಎ) ಒಡೆದು ಹೋಗಿರುತ್ತವೆ. ಜೂನಿಯರ್ ಹುಡುಗಿ ಜೆಲ್ ನೋಡಿ, "ಎಂತ ಅಕ್ಕ, ಆರ್‌ಎನ್‌ಎ ಪೂರಾ ಹಾಳಾಯ್ತಲ್ಲ!" ಅಂದಳು. ಮಳೆಗಾಲ ಬೇರೆ, ಇನ್‌ಕ್ಯುಬೇಟರ್‌ನ ನೀರಿನ ಟ್ರೇಯಲ್ಲೂ ಬೂಸ್ಟು ಬರುವ ಕಾಲ. ಯಾರೇ ಆದರೂ ಹೊರಗಿನಿಂದ ಆರ್‌ಎನೇಸ್ (ಆರ್‌ಎನ್‌ಎ ಒಡೆಯುವ ಕಿಣ್ವ) ಸೇರಿಕೊಂಡಿದೆ ಎಂದೇ ಅನುಮಾನಿಸುತ್ತಾರೆ. ಆದರೆ ಪಕ್ಕದ ಲೇನ್ ನೋಡಿ ಅಂದೆ. ಲಿಪೊಫೆಕ್ಟಮೈನ್ ಮಾತ್ರ ಕೊಟ್ಟ ಕೋಶದ ಆರ್‌ಎನ್‌ಎ, ಆರ್‌ಎನ್‌ಎ ತೆಗೆಯಲು ಅದೇ ಟ್ರೈಜಾಲ್, ಅದೇ ಕೈ. ಅದು ಗಟ್ಟಿಯಾಗಿತ್ತು. ಒಡೆದ ಲೇನ್‌ನಲ್ಲೂ ಮಸುಕು ಮಸುಕಾದ ಪಟ್ಟಿ ಇರಲಿಲ್ಲ, ಕತ್ತರಿಸಿದ ಹಾಗೆ ಸ್ಪಷ್ಟ ಬ್ಯಾಂಡ್‌ಗಳಿದ್ದವು.

ಇದನ್ನು ಮಾಡುವುದು ಕೋಶವೇ. ಎರಡೆಳೆ ಆರ್‌ಎನ್‌ಎ ಸಿಕ್ಕ ಕೂಡಲೇ ಓಎಎಸ್ ಎಂಬ ಕಿಣ್ವ 2-5ಎ ಎಂಬ ಸಣ್ಣ ಅಣುವನ್ನು ಮಾಡುತ್ತದೆ. ಅದು ಆರ್‌ಎನೇಸ್ ಎಲ್ ಅನ್ನು ಎಬ್ಬಿಸುತ್ತದೆ. ಎದ್ದ ಆರ್‌ಎನೇಸ್ ಎಲ್ ಕೋಶದ ಸ್ವಂತ ಆರ್‌ಎನ್‌ಎಯನ್ನೇ ಕತ್ತರಿಸುತ್ತದೆ. ಹೆಚ್ಚಿನ ಎಂಆರ್‌ಎನ್‌ಎಗಳು ಕೆಲವೇ ಗಂಟೆಗಳಲ್ಲಿ ಕರಗಿ ಹೋಗುತ್ತವೆ, ಇಂಟರ್‌ಫೆರಾನ್ ಬೀಟಾದಂಥ ಕೆಲವು ಎಂಆರ್‌ಎನ್‌ಎಗಳು ಮಾತ್ರ ಇದರಿಂದ ತಪ್ಪಿಸಿಕೊಳ್ಳುತ್ತವೆ. 2019ರಲ್ಲಿ ಬಂದ ಪ್ರಬಂಧಗಳು ಇದನ್ನು ಎ549ರಲ್ಲೇ ತೋರಿಸಿವೆ. ಇದರಿಂದ ನಮಗೆ ಬರುವ ತಲೆನೋವು ಏನೆಂದರೆ, ಎಲ್ಲರೂ ಹೋಲಿಕೆಗೆ ಕಣ್ಣು ಮುಚ್ಚಿ ಬಳಸುವ ಜಿಎಪಿಡಿಎಚ್ ಎಂಆರ್‌ಎನ್‌ಎ ಕೂಡ ಕತ್ತರಿಗೆ ಸಿಗುತ್ತದೆ. ಅದಕ್ಕೆ ಹೋಲಿಸಿ ಲೆಕ್ಕ ಹಾಕಿದರೆ ಇಂಟರ್‌ಫೆರಾನ್ ನಿಜಕ್ಕಿಂತ ಎಷ್ಟೋ ಪಟ್ಟು ಏರಿದಂತೆ ಕಾಣುತ್ತದೆ. ನಾನು ಮಾಡಿಕೊಂಡ ದಾರಿ ಸರಳ. ಕೋಶ ಎಣಿಸಿ, ಟ್ರೈಜಾಲ್‌ನಲ್ಲಿ ಕರಗಿಸುವಾಗಲೇ ಗೊತ್ತಿರುವಷ್ಟು ಲೂಸಿಫರೇಸ್ ಆರ್‌ಎನ್‌ಎ (ಮನುಷ್ಯರ ಕೋಶದಲ್ಲಿ ಇಲ್ಲದ್ದು) ಸೇರಿಸಿ, ಲೆಕ್ಕ ಅದಕ್ಕೆ ಹಾಕಿದೆ. ಗ್ರಾಫ್ ಅಷ್ಟು ಭರ್ಜರಿಯಾಗಿ ಕಾಣುವುದಿಲ್ಲ, ಆದರೆ ನಂಬಬಹುದು.

ಹೀಗೆ ಲೆಕ್ಕ ಹಾಕಿದರೂ ಏರಿಳಿತ ಸ್ಪಷ್ಟವಾಗಿಯೇ ಇರುತ್ತದೆ. ಎಂಆರ್‌ಎನ್‌ಎ ಕೆಲವು ಗಂಟೆ ಏರಿ, ಮರುದಿನದ ಹೊತ್ತಿಗೆ ಬಹಳ ಇಳಿದಿರುತ್ತದೆ. ಆರ್‌ಎನೇಸ್ ಎಲ್‌ನಿಂದ ತಪ್ಪಿಸಿಕೊಂಡರೂ ಅದರ ಆಯುಸ್ಸು ಮಳೆಗಾಲದಲ್ಲಿ ತೆರೆದಿಟ್ಟ ಹಪ್ಪಳದಷ್ಟೇ. ಅದರ ಬಾಲದಲ್ಲಿ ಎ ಮತ್ತು ಯು ಅಕ್ಷರಗಳು ಜಾಸ್ತಿ ಇರುವ ಭಾಗ ಇದೆ. ಬೇಗ ಒಡೆಯಲು ಅದೇ ಗುರುತು. ಪ್ರೋಟೀನ್ ಅಳೆಯುವ ಎಲೈಸಾ ಮಾತ್ರ ಮಾಡುವವರಿಗೆ ಈ ಇಳಿತ ಕಾಣುವುದೇ ಇಲ್ಲ. ಹೊರಬಿದ್ದ ಪ್ರೋಟೀನ್ ಮೀಡಿಯಾದಲ್ಲಿ ಸೇರುತ್ತಲೇ ಹೋಗುತ್ತದೆ. ಹೊತ್ತು ಹೊತ್ತಿಗೆ ಮೀಡಿಯಾ ಬದಲಿಸಿ ಅಳೆದರೆ ಯಾವಾಗ ನಿಂತಿತು ಎಂದು ತಿಳಿಯುತ್ತದೆ.

ನಿಲ್ಲಿಸುವುದಕ್ಕೆ ಹೊಸ ಪ್ರೋಟೀನ್ ಬೇಕು ಎನ್ನುವುದಕ್ಕೆ ಹಳೆಯ ಪ್ರಯೋಗ ಒಂದಿದೆ, ಸೂಪರ್‌ಇಂಡಕ್ಷನ್. ನ್ಯೂಯಾರ್ಕಿನಲ್ಲಿ ಯಾನ್ ವಿಲ್ಚೆಕ್ ಮತ್ತವರ ಜೊತೆಗಾರರು ಇದರ ಮೇಲೆ ತುಂಬಾ ಕೆಲಸ ಮಾಡಿದ್ದರು. ಪಾಲಿ ಐಸಿ ಜೊತೆ ಸೈಕ್ಲೋಹೆಕ್ಸಿಮೈಡ್ ಕೊಟ್ಟು ಪ್ರೋಟೀನ್ ತಯಾರಿ ತಡೆದರೆ ಇಂಟರ್‌ಫೆರಾನ್ ಎಂಆರ್‌ಎನ್‌ಎ ಕಡಿಮೆ ಆಗುವ ಬದಲು ಜಾಸ್ತಿ ಆಗುತ್ತದೆ, ಹೆಚ್ಚು ಹೊತ್ತು ಉಳಿಯುತ್ತದೆ. ಎನ್‌ಎಫ್-ಕಪ್ಪಾಬಿಯನ್ನು ಮತ್ತೆ ಕಟ್ಟಿಹಾಕುವ ಐಕಪ್ಪಾಬಿ ಆಲ್ಫಾ ಹೊಸದಾಗಿ ತಯಾರಾಗುವುದಿಲ್ಲ, ಸುದ್ದಿ ಮುಂದೆ ಹೋಗದಂತೆ ತಡೆಯುವ ಎ20ಯೂ ಇಲ್ಲ. ಎಂಆರ್‌ಎನ್‌ಎ ಒಡೆಯುವ ಕೆಲಸವೂ ನಿಧಾನವಾಗುತ್ತದೆ. ಆದರೆ ಈ ಹೊತ್ತಿನಲ್ಲಿ ಎಲೈಸಾ ಮಾಡಿದರೆ ಏನೂ ಸಿಗುವುದಿಲ್ಲ, ಯಾಕೆಂದರೆ ಇಂಟರ್‌ಫೆರಾನ್ ಕೂಡ ಪ್ರೋಟೀನೇ. ಹಳಬರ ಉಪಾಯ ಇಲ್ಲಿ ಕೆಲಸಕ್ಕೆ ಬರುತ್ತದೆ: ಕೆಲವು ಗಂಟೆ ಸೈಕ್ಲೋಹೆಕ್ಸಿಮೈಡ್, ಕೊನೆಯಲ್ಲಿ ಹೊಸ ಆರ್‌ಎನ್‌ಎ ತಯಾರಿ ತಡೆಯುವ ಆಕ್ಟಿನೋಮೈಸಿನ್ ಡಿ, ಆಮೇಲೆ ಎರಡನ್ನೂ ತೊಳೆಯುವುದು. ಸೈಕ್ಲೋಹೆಕ್ಸಿಮೈಡ್‌ನ ಹಿಡಿತ ಬಿಡುತ್ತದೆ, ಆಕ್ಟಿನೋಮೈಸಿನ್‌ನದ್ದು ಬಿಡುವುದಿಲ್ಲ. ನಿಲ್ಲಿಸುವ ಜೀನ್‌ಗಳು ಇನ್ನು ಏಳಲಾರವು, ಕೂಡಿಟ್ಟ ಎಂಆರ್‌ಎನ್‌ಎಯಿಂದ ಪ್ರೋಟೀನ್ ಧಾರಾಳವಾಗಿ ಬರುತ್ತದೆ. ಎರಡೂ ವಿಷ, ಗ್ಲೌಸ್ ಇಲ್ಲದೆ ಮುಟ್ಟಬೇಡಿ. ಕೋಶಗಳೂ ಜಾಸ್ತಿ ಹೊತ್ತು ತಡೆಯುವುದಿಲ್ಲ.

ಈಗ ಲ್ಯಾಬ್‌ಗಳಲ್ಲಿ ಕೋಶದಲ್ಲಿ ಬೇಕಾದ ಪ್ರೋಟೀನ್ ಮಾಡಿಸಲು ಟಿ7 ಪಾಲಿಮರೇಸ್ ಎಂಬ ಕಿಣ್ವದಿಂದ ತಾವೇ ಆರ್‌ಎನ್‌ಎ ಮಾಡುವವರು ಹೆಚ್ಚಾಗಿದ್ದಾರೆ. ಅವರಿಗೆ ಬೇಕಾದ್ದು ನಮ್ಮದಕ್ಕೆ ಉಲ್ಟಾ, ಇಂಟರ್‌ಫೆರಾನ್ ಬರಬಾರದು. ಆರ್‌ಎನ್‌ಎಯ ಯು ಅಕ್ಷರವಾದ ಯೂರಿಡಿನ್ ಬದಲು ಸ್ಯೂಡೋಯೂರಿಡಿನ್ ಹಾಕಿದರೆ ಕೋಶ ಅಷ್ಟು ಹೆದರುವುದಿಲ್ಲ. ಇಂಥ ಬದಲಾವಣೆಗಳ ಬಗ್ಗೆ ಕರಿಕೊ ಮತ್ತು ವೈಸ್‌ಮನ್ 2005ರಲ್ಲಿ ಬರೆದರು, 2023ರಲ್ಲಿ ನೊಬೆಲ್ ಬಂತು. ಬದಲಿಸಿದ ಮೇಲೂ ಇಂಟರ್‌ಫೆರಾನ್ ಏರುತ್ತಿದ್ದರೆ ನಾನು ನೋಡುವುದು ಎರಡು ಕಡೆ. ಆರ್‌ಎನ್‌ಎಯ ತಲೆಯಲ್ಲಿ ಟಿ7 ಬಿಟ್ಟು ಹೋದ 5' ಟ್ರೈಫಾಸ್ಫೇಟ್ ರಿಗ್-ಐಗೆ ಇಷ್ಟದ ತಿಂಡಿ, ಅದನ್ನು ಫಾಸ್ಫಟೇಸ್ ಹಾಕಿ ತೆಗೆಯಬಹುದು. ಅದಕ್ಕೂ ಬಗ್ಗದಿದ್ದರೆ ಎರಡೆಳೆ ಆರ್‌ಎನ್‌ಎಗೆ ಅಂಟುವ ಜೆ2 ಆಂಟಿಬಾಡಿಯಿಂದ ಡಾಟ್ ಬ್ಲಾಟ್ ಮಾಡಿ. ಚುಕ್ಕೆ ಕಪ್ಪಾಗಿ ಬಂದರೆ ಎರಡೆಳೆ ಕಸ ಉಳಿದಿದೆ ಎಂದರ್ಥ, 16% ಎಥನಾಲ್ ಇರುವ ಬಫರ್‌ನಲ್ಲಿ ಸೆಲ್ಯುಲೋಸ್ ಜೊತೆ ಕಲಸಿ ಸೋಸಿದರೆ ಅದರಲ್ಲಿ ಹೆಚ್ಚಿನದು ಹೋಗುತ್ತದೆ.